ಇಶಲ್: ನಾಲ್ಕು ಶತಮಾನಗಳಿಂದ ಹೊಸ ಹಾಡು ಹುಟ್ಟಿಸುತ್ತಿರುವ ಹಳೆಯ ಧಾಟಿಗಳು

ಮದುವೆ ಮನೆಯ ಒಪ್ಪನೆ ಇರಲಿ, ಮೀಲಾದ್ ಮೆರವಣಿಗೆಯ ದಫ್ ಇರಲಿ, ಕೋಲ್ಕಳಿಯ ಕೋಲಿನ ಸದ್ದಿರಲಿ, ಹಾಡು ಹೊಸತು ಎಂದು ಹೇಳಿದರೂ ಅದರ ಧಾಟಿ ಎಲ್ಲೋ ಕೇಳಿದ ಹಾಗೆ ಅನಿಸುವುದುಂಟು. ಅದು ಭ್ರಮೆ ಅಲ್ಲ. ಮಲಬಾರಿನಿಂದ ಕಾಸರಗೋಡು, ಮಂಗಳೂರಿನವರೆಗೆ ಕರಾವಳಿ ಮುಸ್ಲಿಮರ ಹಾಡುಗಾರರು ಹಾಡು ಕಟ್ಟಿದ್ದೇ ಹೀಗೆ. ಧಾಟಿ ಮೊದಲು, ಮಾತು ಆಮೇಲೆ. ಆ ಧಾಟಿಗೆ ಮಾಪಿಳ್ಳೆ ಪಾಟ್ಟಿನ ಲೋಕದಲ್ಲಿ ಇಶಲ್ ಎಂದು ಹೆಸರು.

ಇವತ್ತು ಬ್ಯಾರಿಯಲ್ಲಿ, ಮಲಯಾಳಂನಲ್ಲಿ, ಕನ್ನಡದಲ್ಲಿ ಹಾಡು ಬರೆಯುವ ಹುಡುಗರು ಹುಡುಗಿಯರು ಬೇಕಾದಷ್ಟು ಇದ್ದಾರೆ. ಮೊಬೈಲಿನಲ್ಲೇ ರೆಕಾರ್ಡ್ ಮಾಡಿ ಅಂದೇ ಊರಿಗೆ ಹಂಚುತ್ತಾರೆ. ಆದರೆ ತಾವು ಹಾಡುತ್ತಿರುವ ಧಾಟಿ ಯಾವುದು, ಯಾರಿಂದ ಬಂತು ಎಂದು ಕೇಳಿದರೆ ಹೆಚ್ಚಿನವರ ಬಳಿ ಉತ್ತರ ಇಲ್ಲ. ಆ ಧಾಟಿಗಳ ಕತೆ ಇಲ್ಲಿದೆ.

ಇಶಲ್ ಎಂದರೇನು?

ಇಶಲ್ ಎಂದರೆ ಬರೀ ರಾಗ ಅಲ್ಲ, ಬರೀ ಛಂದಸ್ಸೂ ಅಲ್ಲ. ಎರಡೂ ಸೇರಿದ ಅಚ್ಚು ಎನ್ನಬಹುದು. ಸಾಲು ಎಷ್ಟು ಉದ್ದ ಇರಬೇಕು, ಎಲ್ಲಿ ಉಸಿರು ತೆಗೆಯಬೇಕು, ಎಲ್ಲಿ ಎಳೆಯಬೇಕು, ಎಲ್ಲಿ ಒತ್ತಬೇಕು ಎಂಬುದೆಲ್ಲ ಆ ಅಚ್ಚಿನಲ್ಲೇ ಇರುತ್ತದೆ. ಕೊಂಬ್, ಕೆಸ್ಸ್, ತೊಂಗಲ್, ವಿರುತ್ತಂ, ಒಪ್ಪನ ಚಾಯಲ್, ಒಪ್ಪನ ಮುರುಕ್ಕಂ ಹೀಗೆ ಅವಕ್ಕೆ ಹೆಸರುಗಳಿವೆ. ಒಪ್ಪನೆಯಲ್ಲಿ ಚಾಯಲ್ ಎಂದರೆ ನಿಧಾನದ ನಡೆ, ಮುರುಕ್ಕಂ ಎಂದರೆ ಬಿಗಿಯಾದ ವೇಗದ ನಡೆ. ಇನ್ನು ಕೆಲವು ಇಶಲ್‌ಗಳಿಗೆ ಯಾವುದೋ ಹಳೆಯ ಪ್ರಸಿದ್ಧ ಹಾಡಿನ ಮೊದಲ ಮಾತೇ ಹೆಸರು. ಹೊಸ ಹಾಡು ಬರೆದವರು ಮೇಲುಗಡೆ ಆ ಹೆಸರು ಬರೆದರೆ ಸಾಕು, ಓದಿದವರಿಗೆ ಹೇಗೆ ಹಾಡಬೇಕೆಂದು ಗೊತ್ತಾಗುತ್ತಿತ್ತು. ಸ್ವರಲಿಪಿ ಬೇಕಿರಲಿಲ್ಲ.

ಕನ್ನಡದವರಿಗೆ ಇದು ಅಪರಿಚಿತ ಪದ್ಧತಿ ಏನಲ್ಲ. ಯಕ್ಷಗಾನ ಪ್ರಸಂಗದ ಪದ್ಯಗಳ ಮೇಲೆ ರಾಗ ತಾಳ ಬರೆದಿರುತ್ತಾರೆ. ಹಳೆಯ ಪದದ ಮಟ್ಟಿಗೆ ಹೊಸ ಪದ ಕಟ್ಟುವುದು ಅಲ್ಲಿಯೂ ರೂಢಿ. ಪಾರ್ತಿಸುಬ್ಬನ ಊರು ಕುಂಬಳೆ. ಅದರ ಮಗ್ಗುಲಲ್ಲೇ ಇರುವ ಮೊಗ್ರಾಲಿಗೆ ಇಶಲ್ ಗ್ರಾಮ ಎಂದೇ ಹೆಸರು. ಒಂದೂರಲ್ಲಿ ಮಟ್ಟು, ಪಕ್ಕದೂರಲ್ಲಿ ಇಶಲ್. ಹೆಸರು ಬೇರೆ, ಕಸುಬು ಒಂದೇ.

ಧಾಟಿಯ ಜೊತೆಗೆ ಪ್ರಾಸದ ಲೆಕ್ಕವೂ ಉಂಟು. ಸಾಲುಗಳ ಮೊದಲ ಅಕ್ಷರ ಹೊಂದಿದರೆ ಅದು ಕಂಬಿ. ಎರಡನೇ ಅಕ್ಷರ ಹೊಂದಿದರೆ ಕಳುತ್ತ್, ಅಂದರೆ ಕುತ್ತಿಗೆ. ಸಾಲಿನ ಕೊನೆ ಹೊಂದಿದರೆ ವಾಲ್ ಕಂಬಿ, ಅಂದರೆ ಬಾಲದ ಕಂಬಿ. ಒಂದು ಭಾಗ ಮುಗಿದ ಮಾತಿನಿಂದಲೇ ಮುಂದಿನ ಭಾಗ ಶುರುವಾದರೆ ಅದು ವಾಲುಮ್ಮಲ್ ಕಂಬಿ. ಈ ಕುತ್ತಿಗೆ ಪ್ರಾಸ ನಮ್ಮ ಹಳೆಗನ್ನಡ ಕವಿಗಳ ದ್ವಿತೀಯಾಕ್ಷರ ಪ್ರಾಸವೇ. ಶಾಲೆಯಲ್ಲಿ ಕನ್ನಡ ಕಲಿತವರಿಗೆ ಇದು ಬೇಗ ಕೈಗೆ ಹತ್ತುತ್ತದೆ.

1607ರ ಮಾಲೆ

ಕಾಲ ನಿಖರವಾಗಿ ಗೊತ್ತಿರುವ ಮಾಪಿಳ್ಳೆ ಕೃತಿಗಳಲ್ಲಿ ಅತ್ಯಂತ ಹಳೆಯದು ಮುಹ್ಯಿದ್ದೀನ್ ಮಾಲೆ. ಬರೆದವರು ಕೋಝಿಕ್ಕೋಡಿನ ಖಾಝಿ ಮುಹಮ್ಮದ್. ಶೇಖ್ ಅಬ್ದುಲ್ ಖಾದರ್ ಜೀಲಾನಿಯವರ ಸ್ತುತಿ ಅದು. ಕೊಲ್ಲಂ ವರ್ಷ 782ರಲ್ಲಿ ಬರೆದದ್ದೆಂದು ಹಾಡೇ ಹೇಳುತ್ತದೆ, ಅಂದರೆ 1607. ಭಾಷೆ ಮಲಯಾಳಂ, ಲಿಪಿ ಅರಬಿ. ಈ ಬರಹಕ್ಕೆ ಅರಬಿ ಮಲಯಾಳಂ ಎನ್ನುತ್ತಾರೆ.

ಈ ಮಾಲೆ ಮನೆ ಮನೆಯಲ್ಲಿ ಮಗ್ರಿಬ್ ಆದ ಮೇಲೆ ಹೆಂಗಸರ ಬಾಯಲ್ಲಿ ಉಳಿಯಿತು. ಎರಡೆರಡು ಸಾಲಿನ ಕಟ್ಟು, ಏರಿಳಿತ ಕಡಿಮೆ ಇರುವ ಧಾಟಿ, ಹಾಗಾಗಿ ಬಾಯಿಪಾಠ ಸುಲಭ. ಓದು ಬರಹ ಬಾರದವರೂ ಕೇಳಿ ಕೇಳಿ ಕಲಿತರು. ನಂತರ ಬಂದ ನಫೀಸತ್ ಮಾಲೆ, ರಿಫಾಈ ಮಾಲೆ ಎಲ್ಲ ಇದೇ ದಾರಿ ಹಿಡಿದವು. ಒಂದು ಹಾಡು ಒಂದು ಪ್ರಕಾರವನ್ನೇ ಹುಟ್ಟಿಸಿತು ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಬೇಡ.

18ನೇ ಶತಮಾನದಲ್ಲಿ ತಲಶ್ಶೇರಿಯ ಕುಞ್ಞಾಯಿನ್ ಮುಸ್ಲಿಯಾರ್ ಕಪ್ಪಪ್ಪಾಟ್ಟ್ ಬರೆದರು. ಕಪ್ಪ ಎಂದರೆ ಹಡಗು. ಮನುಷ್ಯನ ದೇಹವನ್ನು ಹಡಗಿಗೆ ಹೋಲಿಸಿದ ಹಾಡು. ಬಂದರು, ಹಾಯಿ, ಗಾಳಿ ನೋಡಿಯೇ ಬೆಳೆದ ಕರಾವಳಿಯ ಜನರಿಗೆ ಈ ಹೋಲಿಕೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

20ರ ಹರೆಯದ ವೈದ್ಯರ್

ಇಶಲ್‌ಗಳ ಭಂಡಾರ ತುಂಬಿಸಿದವರಲ್ಲಿ ಮೊದಲ ಹೆಸರು ಕೊಂಡೋಟ್ಟಿಯ ಮೋಯಿನ್‌ಕುಟ್ಟಿ ವೈದ್ಯರ್. ಹುಟ್ಟಿದ್ದು 1852, ತೀರಿಹೋದದ್ದು 1892. ಬದುಕಿದ್ದು 40 ವರ್ಷ ಮಾತ್ರ. ಬದರುಲ್ ಮುನೀರ್ ಹುಸ್ನುಲ್ ಜಮಾಲ್ ಎಂಬ ಪ್ರೇಮಕಾವ್ಯ ಬರೆದಾಗ ಅವರಿಗೆ 20 ವರ್ಷ. ಆಮೇಲೆ ಬದ್ರ್ ಪಡಪ್ಪಾಟ್ಟ್, ಮಲಪ್ಪುರಂ ಪಡಪ್ಪಾಟ್ಟ್ ಬಂದವು. ಪಡಪ್ಪಾಟ್ಟ್ ಎಂದರೆ ಯುದ್ಧದ ಹಾಡು.

ವೈದ್ಯರ್ ಒಂದೇ ಕಾವ್ಯದೊಳಗೆ ಇಶಲ್ ಬದಲಿಸುತ್ತಾ ಹೋಗುತ್ತಾರೆ. ಸನ್ನಿವೇಶ ಬದಲಾದರೆ ಧಾಟಿಯೂ ಬದಲು. ಮಾತಿನಲ್ಲೂ ಹಾಗೆಯೇ, ಮಲಯಾಳಂ, ತಮಿಳು, ಅರಬಿ, ಪಾರ್ಸಿ, ಸಂಸ್ಕೃತ ಪದಗಳು ಒಂದೇ ಸಾಲಿನಲ್ಲಿ ಕೂರುತ್ತವೆ. ಶುದ್ಧ ಭಾಷೆ ಯಾವುದು ಎಂದು ಅವರು ತಲೆಕೆಡಿಸಿಕೊಂಡ ಹಾಗಿಲ್ಲ. ನಾಲಗೆಗೆ ಯಾವುದು ಸರಿಯಾಗಿ ಬರುತ್ತದೋ ಅದನ್ನು ಇಟ್ಟರು. ನಾಲ್ಕೈದು ಭಾಷೆ ಕಿವಿಗೆ ಬೀಳುವ ಗಡಿನಾಡಿನ ಮಕ್ಕಳಿಗೆ ಇದು ಧೈರ್ಯ ಕೊಡುವ ವಿಷಯ. ಇವತ್ತು ಕೊಂಡೋಟ್ಟಿಯಲ್ಲಿ ಅವರ ಹೆಸರಿನಲ್ಲಿ ಮಾಪಿಳ್ಳೆ ಕಲಾ ಅಕಾಡೆಮಿ ಇದೆ.

ಬಳ್ಳಾರಿ ಜೈಲಿನಿಂದ ದುಬೈವರೆಗೆ

ಒಂದು ಹಾಡು ಇನ್ನೊಂದಕ್ಕೆ ಹೇಗೆ ದಾರಿ ಮಾಡಿಕೊಡುತ್ತದೆ ಎಂದು ತಿಳಿಯಲು ಕತ್ತ್ ಪಾಟ್ಟ್ ನೋಡಬೇಕು. ಕತ್ತ್ ಎಂದರೆ ಕಾಗದ, ಪತ್ರ. ಪತ್ರವನ್ನೇ ಹಾಡಾಗಿ ಬರೆಯುವ ರೂಢಿ ಮಲಬಾರಿನಲ್ಲಿ ಹಿಂದಿನಿಂದಲೂ ಇತ್ತು.

1921ರ ಮಲಬಾರ್ ದಂಗೆಯ ನಂತರ ಎಷ್ಟೋ ಮಾಪಿಳ್ಳೆಗಳನ್ನು ಬಳ್ಳಾರಿ ಜೈಲಿಗೆ ಕಳಿಸಿದರು. ಗಂಡ ಬಳ್ಳಾರಿಯ ಸೆರೆಯಲ್ಲಿ, ಹೆಂಡತಿ ಊರಿನಲ್ಲಿ. ಆ ಹೆಂಡತಿಯ ಬಾಯಿಯಲ್ಲಿ ಪುಲಿಕ್ಕೋಟ್ಟಿಲ್ ಹೈದರ್ ಬರೆದ ಪತ್ರದ ಹಾಡೇ ಮರಿಯಕುಟ್ಟಿಯ ಕತ್ತ್. ಯುದ್ಧದ ಹಾಡುಗಳು ಹೇಳದೆ ಬಿಟ್ಟದ್ದನ್ನು, ಹಿಂದೆ ಉಳಿದ ಹೆಣ್ಣಿನ ಸಂಕಟವನ್ನು, ಅದು ಹೇಳಿತು.

ಸುಮಾರು ಅರ್ಧ ಶತಮಾನ ಕಳೆಯಿತು. ಜೈಲಿನ ಜಾಗದಲ್ಲಿ ಗಲ್ಫ್ ಬಂತು. 1977ರ ಹೊತ್ತಿಗೆ ಎಸ್.ಎ. ಜಮೀಲ್ ದುಬೈ ಕತ್ತ್ ಪಾಟ್ಟ್ ಬರೆದು ಹಾಡಿದರು. ಇಲ್ಲೂ ಅದೇ ಕಟ್ಟು, ದೂರದಲ್ಲಿ ಗಂಡ, ಮನೆಯಲ್ಲಿ ಹೆಂಡತಿ. ಹಣ ಬರುತ್ತದೆ, ಸಾಮಾನು ಬರುತ್ತದೆ, ಮನುಷ್ಯ ಮಾತ್ರ ಬರುವುದಿಲ್ಲ. ಹರೆಯ ಕಳೆದು ಹೋಗುತ್ತಿದೆ ಎಂದು ಹೆಂಡತಿ ಬಾಯಿಬಿಟ್ಟು ಹೇಳುವ ಹಾಡು ಅದು. ಅಷ್ಟು ನೇರವಾಗಿ ಹೇಳಬಹುದೇ ಎಂದು ಕೇಳಿದವರೂ ಇದ್ದರು, ಕ್ಯಾಸೆಟ್ ಹಾಕಿ ಅತ್ತವರೂ ಇದ್ದರು. ಆಮೇಲೆ ಗಂಡನ ಕಡೆಯಿಂದ ಮಾರುತ್ತರದ ಹಾಡನ್ನೂ ಜಮೀಲ್ ಅವರೇ ಬರೆದರು.

ಕಾಸರಗೋಡು, ಮಂಜೇಶ್ವರ, ಉಳ್ಳಾಲ ಕಡೆ ಗಲ್ಫಿನಲ್ಲಿ ಜನ ಇಲ್ಲದ ಮನೆ ಹುಡುಕಬೇಕು. ಆ ಹಾಡು ಇಲ್ಲಿ ಯಾಕೆ ನಾಟಿತು ಎಂದು ಬೇರೆ ಹೇಳಬೇಕಾಗಿಲ್ಲ. ಗಮನಿಸಬೇಕಾದದ್ದು ಒಂದೇ. ಜಮೀಲ್ ಹೊಸ ಪ್ರಕಾರ ಹುಡುಕುತ್ತಾ ಕೂರಲಿಲ್ಲ. ಜನರಿಗೆ ಗೊತ್ತಿದ್ದ ಪತ್ರದ ಹಾಡನ್ನೇ ತೆಗೆದುಕೊಂಡು, ಯಾರೂ ಹೇಳದೆ ಇದ್ದ ವಿಷಯವನ್ನು ಅದರೊಳಗೆ ಇಟ್ಟರು.

ಸಿನಿಮಾ ಬಂದಾಗ

1950ರ ದಶಕದ ಶುರುವಿನವರೆಗೆ ಮಲಯಾಳಂ ಸಿನಿಮಾದ ಹಾಡುಗಳು ಹೆಚ್ಚಾಗಿ ಹಿಂದಿ, ತಮಿಳು ಟ್ಯೂನಿನ ನಕಲು. 1954ರಲ್ಲಿ ನೀಲಕ್ಕುಯಿಲ್ ಬಂತು. ಸಾಹಿತ್ಯ ಪಿ. ಭಾಸ್ಕರನ್, ಸಂಗೀತ ಕೆ. ರಾಘವನ್. ಅದರಲ್ಲಿ ರಾಘವನ್ ಅವರೇ ಹಾಡಿದ ಕಾಯಲರಿಕತ್ತ್ ಹಾಡು ಮಾಪಿಳ್ಳೆ ಧಾಟಿಯದ್ದು. ಮೀನುಗಾರರ ಕೇರಿ, ಮುಸ್ಲಿಂ ಮನೆಗಳು ಇರುವ ತಲಶ್ಶೇರಿಯಲ್ಲಿ ಬೆಳೆದವರು ರಾಘವನ್. ಊರಲ್ಲಿ ಕೇಳಿದ ಧಾಟಿಯನ್ನೇ ಸಿನಿಮಾಕ್ಕೆ ತಂದರು. ನಮ್ಮ ನೆಲದ ಹಾಡೂ ಸಿನಿಮಾದಲ್ಲಿ ನಿಲ್ಲುತ್ತದೆ ಎಂದು ಅದರಿಂದ ಗೊತ್ತಾಯಿತು. ಆಮೇಲೆ ಕೋಝಿಕ್ಕೋಡಿನ ಎಂ.ಎಸ್. ಬಾಬುರಾಜ್ ಹಿಂದೂಸ್ತಾನಿ ಸಂಗೀತವನ್ನೂ ಮಾಪಿಳ್ಳೆ ಧಾಟಿಯನ್ನೂ ಬೆರೆಸಿದರು. ಬರೆದವರೂ ಸಂಗೀತ ಕೊಟ್ಟವರೂ ಯಾವ ಧರ್ಮದವರು ಎಂಬ ಪ್ರಶ್ನೆ ಇಲ್ಲಿ ಬರಲೇ ಇಲ್ಲ. ಧಾಟಿಗೆ ಬೇಲಿ ಇಲ್ಲ.

ಕಿರಾಣಿ ಅಂಗಡಿಯ ಕವಿ

2018ರಲ್ಲಿ ಒರು ಅಡಾರ್ ಲವ್ ಸಿನಿಮಾದ ಮಾಣಿಕ್ಯ ಮಲರಾಯ ಪೂವಿ ಹಾಡು ಜಗತ್ತಿನಾದ್ಯಂತ ಓಡಿತು. ಜನರಿಗೆ ನೆನಪಿದ್ದದ್ದು ಕಣ್ಣು ಹೊಡೆದ ಹುಡುಗಿ. ಆದರೆ ಹಾಡು ಸಿನಿಮಾದ್ದಲ್ಲ. ಪ್ರವಾದಿಯವರ ಮತ್ತು ಖದೀಜಾ ಬೀವಿಯವರ ಬಗ್ಗೆ ಪಿ.ಎಂ.ಎ. ಜಬ್ಬಾರ್ 1978ರಲ್ಲಿ ಬರೆದ ಮಾಪಿಳ್ಳೆ ಹಾಡು ಅದು. ಮೊದಲು ಹಾಡಿದವರು ತಲಶ್ಶೇರಿ ರಫೀಕ್. 40 ವರ್ಷ ಮದುವೆ ಮನೆಗಳಲ್ಲಿ ಹಾಡುತ್ತಾ ಬಂದ ಹಾಡು. ಹಾಡು ಹೀಗೆ ಓಡಿದಾಗ ಜಬ್ಬಾರ್ ಸೌದಿಯ ರಿಯಾದ್‌ನಲ್ಲಿ ಒಂದು ಕಿರಾಣಿ ಅಂಗಡಿಯಲ್ಲಿ ಕೆಲಸಕ್ಕಿದ್ದರು.

ಹಾಡಿನಿಂದ ಧಾರ್ಮಿಕ ಭಾವನೆಗೆ ಧಕ್ಕೆ ಆಯಿತೆಂದು ಹೈದರಾಬಾದಿನಲ್ಲಿ ಕೇಸ್ ದಾಖಲಾಯಿತು. 2018ರ ಆಗಸ್ಟ್ 31ರಂದು ಸುಪ್ರೀಂ ಕೋರ್ಟ್ ಆ ಎಫ್‌ಐಆರ್ ರದ್ದು ಮಾಡಿತು. ಇದು ಹಿಂದಿನಿಂದ ಹಾಡುತ್ತಾ ಬಂದ ಹಾಡು ಎಂಬ ವಿಷಯವೂ ಆ ವಾದದಲ್ಲಿ ಬಂತು. ಹಾಡಿನ ಚರಿತ್ರೆ ಗೊತ್ತಿದ್ದರೆ ಕೋರ್ಟಿನಲ್ಲೂ ಉಪಕಾರ ಆಗುತ್ತದೆ!

ಕಾಸರಗೋಡಿನ ಉಬೈದ್, ನಮ್ಮ ಬ್ಯಾರಿ ಹಾಡು

ಮಾಪಿಳ್ಳೆ ಪಾಟ್ಟನ್ನು ಸಾಹಿತ್ಯ ಎಂದು ಒಪ್ಪಿಸಿದ್ದರಲ್ಲಿ ಕಾಸರಗೋಡಿನ ಪಾಲು ದೊಡ್ಡದು. ತಳಂಗರೆಯ ಟಿ. ಉಬೈದ್ (1908–1972) ಶಾಲೆಯಲ್ಲಿ ಕಲಿತದ್ದು ಕನ್ನಡ. ಕಾಸರಗೋಡು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತಲ್ಲ. ಕವಿಯಾದದ್ದು ಮಲಯಾಳಂನಲ್ಲಿ. 1947ರಲ್ಲಿ ಕೋಝಿಕ್ಕೋಡಿನ ಸಾಹಿತ್ಯ ಪರಿಷತ್ತಿನ ಸಮ್ಮೇಳನದಲ್ಲಿ ಅವರು ಮಾಪಿಳ್ಳೆ ಪಾಟ್ಟಿನ ಬಗ್ಗೆ ಪ್ರಬಂಧ ಓದಿದರು. ಅಲ್ಲಿಯವರೆಗೆ ಇದನ್ನು ಹೊರಗಿಟ್ಟು ನೋಡುತ್ತಿದ್ದ ವಿದ್ವಾಂಸರು ಆಮೇಲೆ ಕಿವಿಗೊಟ್ಟರು.

ಬ್ಯಾರಿಗೆ ಅಂಥ ಅವಕಾಶ ಬಂದದ್ದು ತಡವಾಗಿ. ಕರ್ನಾಟಕ ಬ್ಯಾರಿ ಸಾಹಿತ್ಯ ಅಕಾಡೆಮಿ ಆದದ್ದು 2007ರಲ್ಲಿ. ಬ್ಯಾರಿ ಹಾಡು ಬರೆಯುವವರು ಮಾಪಿಳ್ಳೆ ಇಶಲ್‌ಗಳನ್ನೂ ಬಳಸುತ್ತಾರೆ, ಹಿಂದಿ ಸಿನಿಮಾದ ಟ್ಯೂನನ್ನೂ ಬಳಸುತ್ತಾರೆ. ಎರಡೂ ತಪ್ಪಲ್ಲ. ಆದರೆ ಸಿನಿಮಾ ಟ್ಯೂನ್ ಹಾಕಿದರೆ ಕೇಳುವವರ ಮನಸ್ಸಿಗೆ ಮೊದಲು ಬರುವುದು ಆ ಸಿನಿಮಾ. ಇಶಲ್ ಹಾಕಿದರೆ ಬರುವುದು ಮನೆ.

ಹೊಸದಾಗಿ ಬರೆಯುವವರಿಗೆ

ಮೊದಲು ಧಾಟಿಯನ್ನು ಮಾತಿಲ್ಲದೆ ಗುನುಗಿ, ಕೈ ತಟ್ಟಿ ತಾಳ ಹಿಡಿಯಬೇಕು. ಉಸಿರು ಎಲ್ಲಿ ನಿಲ್ಲುತ್ತದೋ ಅಲ್ಲಿ ಸಾಲು ಮುರಿಯಬೇಕು. ಕಳುತ್ತ್ ಆಗಲಿ ವಾಲ್ ಕಂಬಿ ಆಗಲಿ, ಒಂದು ಪ್ರಾಸ ಹಿಡಿದರೆ ಸಾಕು. ನಾಲ್ಕನ್ನೂ ಒಟ್ಟಿಗೆ ತುರುಕಿದರೆ ಅರ್ಥ ಕೆಡುತ್ತದೆ. ಬರೆದದ್ದನ್ನು ಕಾಗದದಲ್ಲಿ ಓದಿ ನೋಡಿದರೆ ಸಾಲದು, ಹಾಡಿ ನೋಡಬೇಕು.

ಹಕ್ಕಿನ ಲೆಕ್ಕವೂ ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯಿದೆ ಪ್ರಕಾರ ಬರೆದವರು ತೀರಿಹೋದ ನಂತರ 60 ವರ್ಷ ಹಕ್ಕು ಅವರ ವಾರಸುದಾರರದ್ದು ಅಥವಾ ಅವರು ಬರೆದುಕೊಟ್ಟವರದ್ದು. ಸಾಹಿತ್ಯಕ್ಕೆ ಬೇರೆ ಹಕ್ಕು, ಸಂಗೀತಕ್ಕೆ ಬೇರೆ ಹಕ್ಕು. ವೈದ್ಯರ್ 1892ರಲ್ಲಿ ತೀರಿಹೋದವರು, ಅವರ ಕಾವ್ಯವನ್ನು ಯಾರೂ ಬಳಸಬಹುದು. ಜಮೀಲ್ ತೀರಿಹೋದದ್ದು 2011ರಲ್ಲಿ, ಅವರ ಹಾಡು ಹಾಗೆ ಮುಟ್ಟುವಂತಿಲ್ಲ. ಒಬ್ಬರು ಕಟ್ಟಿದ ಹೊಸ ಟ್ಯೂನ್ ಬೇರೆ, ಎಲ್ಲರ ಬಾಯಲ್ಲಿರುವ ಹಳೆಯ ಇಶಲ್ ಬೇರೆ ಎಂಬುದನ್ನು ರೆಕಾರ್ಡ್ ಮಾಡುವ ಮೊದಲೇ ವಿಚಾರಿಸಿಕೊಂಡರೆ ಮತ್ತೆ ತಲೆನೋವಿಲ್ಲ.

ಕಾನೂನು ಇರಲಿ ಇಲ್ಲದಿರಲಿ, ಹಾಡಿನ ಜೊತೆ ಮೂರು ಹೆಸರು ಹಾಕುವುದು ಮರ್ಯಾದೆ: ಬರೆದವರದ್ದು, ಹಾಡಿದವರದ್ದು, ಧಾಟಿಯದ್ದು. ಧಾಟಿಯ ಹೆಸರು ಗೊತ್ತಿರುವವರು ಇವತ್ತು ಹೆಚ್ಚಾಗಿ ವಯಸ್ಸಾದ ಹೆಂಗಸರು ಮತ್ತು ಹಳೆಯ ಕೋಲ್ಕಳಿ, ದಫ್ ಉಸ್ತಾದರು. ಉಮ್ಮನ, ಅಜ್ಜಿಯ ಬಳಿ ಕೂತು ಅವರು ಹಾಡಿದ್ದನ್ನು ಮೊಬೈಲಿನಲ್ಲಿ ಹಿಡಿದು, ಇದು ಯಾವ ಇಶಲ್ ಎಂದು ಕೇಳಿ ಬರೆದಿಡಲು ಅರ್ಧ ಗಂಟೆ ಸಾಕು. ಅವರು ಹೋದ ಮೇಲೆ ಧಾಟಿ ಉಳಿದರೂ ಉಳಿಯಬಹುದು, ಅದರ ಹೆಸರು ಹೇಳುವವರು ಸಿಗುವುದಿಲ್ಲ.