ಮುರಿದ ಬ್ಯಾಟಿನ ಮರುಜನ್ಮ

ಯಾವುದಾದರೂ ಕ್ರಿಕೆಟ್ ಬ್ಯಾಟಿನ ಬೆನ್ನನ್ನೊಮ್ಮೆ ಗಮನಿಸಿ ನೋಡಿ. ಹಿಡಿಯು ಹಲಗೆಯನ್ನು ಸೇರುವ ಕಡೆ, ಎರಡು ಭುಜಗಳ ನಡುವಿನಿಂದ ಕೆಳಕ್ಕಿಳಿದು ಚೂಪಾಗುವ ಒಂದು ತ್ರಿಕೋನ ಕಾಣುತ್ತದೆ. ಅದು ಅಲಂಕಾರವಲ್ಲ. ವಿಲೋ ಮರದ ಹಲಗೆಯನ್ನು ಸೀಳಿ, ಅದರೊಳಕ್ಕೆ ಬೆತ್ತದ ಹಿಡಿಯನ್ನು ಬೆಣೆಯಂತೆ ಇಳಿಸಿ ಅಂಟು ಹಾಕಿ ಕೂರಿಸಿದ ಗುರುತು. ಇಂದು ಬ್ಯಾಟು ಎಂದರೆ ಹೀಗೆಯೇ ಇರಬೇಕು ಎನಿಸುವ ಈ ಜೋಡಣೆ ಮೊದಲಿನಿಂದಲೂ ಇದ್ದದ್ದಲ್ಲ. ಬ್ಯಾಟುಗಳು ಮೇಲಿಂದ ಮೇಲೆ ಮುರಿಯುತ್ತಿದ್ದುದರಿಂದ ಹುಟ್ಟಿಕೊಂಡದ್ದು. ಹಾಗೆ ನೋಡಿದರೆ ಬ್ಯಾಟಿನ ಚರಿತ್ರೆ ಬಹುಮಟ್ಟಿಗೆ ರಿಪೇರಿಯ ಚರಿತ್ರೆಯೇ.

ಇಂಗ್ಲೆಂಡಿನ ಹಳೆಯ ಬ್ಯಾಟುಗಳು ಒಂದೇ ಮರದ ತುಂಡಿನಿಂದ ಕೆತ್ತಿದವು. ಲಂಡನ್ನಿನ ಓವಲ್ ಮೈದಾನದಲ್ಲಿ ಕಾಪಾಡಿಟ್ಟಿರುವ 1729ರ ಬ್ಯಾಟನ್ನು ನೋಡಿದರೆ ಹಾಕಿ ಕೋಲಿನ ನೆಂಟನಂತೆ ತೋರುತ್ತದೆ. ಆಗ ಚೆಂಡನ್ನು ನೆಲದ ಮೇಲೆ ಉರುಳಿಸುತ್ತಿದ್ದರು, ಬಾಗಿದ ಕೋಲೇ ಅದಕ್ಕೆ ಸಾಕಿತ್ತು. ಚೆಂಡನ್ನು ನೆಲಕ್ಕೆ ಪುಟಿಸಿ ಎಸೆಯುವ ರೂಢಿ ಬಂದ ಮೇಲೆ ಬ್ಯಾಟು ನೆಟ್ಟಗಾಯಿತು. 1771ರಲ್ಲಿ ವೈಟ್ ಎಂಬ ಆಟಗಾರ ವಿಕೆಟ್ಟಿನಷ್ಟೇ ಅಗಲದ ಬ್ಯಾಟು ಹಿಡಿದು ಬಂದದ್ದರಿಂದ ಎದುರಾಳಿಗಳು ಕೆರಳಿದರು, ಅಗಲ ನಾಲ್ಕೂ ಕಾಲು ಅಂಗುಲ ಮೀರಬಾರದೆಂಬ ನಿಯಮ ಬಂತು. ಉದ್ದಕ್ಕೆ 38 ಅಂಗುಲದ ಮಿತಿ ಬಿದ್ದದ್ದು 1835ರಲ್ಲಿ. ಈ ಎರಡು ಅಳತೆಗಳು ಈಗಲೂ ಬದಲಾಗಿಲ್ಲ.

ಅದೇ 1835ರಲ್ಲಿ ತೋಳನ್ನು ಭುಜದ ಮಟ್ಟಕ್ಕೆ ಬೀಸಿ ಬೌಲ್ ಮಾಡುವುದಕ್ಕೆ ಒಪ್ಪಿಗೆ ಸಿಕ್ಕಿತು; 1864ರಲ್ಲಿ ಭುಜದ ಮೇಲಿನಿಂದ ಎಸೆಯುವುದಕ್ಕೂ. ಚೆಂಡಿನ ವೇಗ ಏರಿದಂತೆ ಅದರ ಪೆಟ್ಟೆಲ್ಲ ಅಗಲವಾದ ಹಲಗೆ ಸಣ್ಣ ಹಿಡಿಯಾಗಿ ಕಿರಿದಾಗುವ ಕೊರಳಿನ ಮೇಲೆ ಬೀಳತೊಡಗಿತು. ಒಂದೇ ತುಂಡಿನ ಬ್ಯಾಟು ಅಲ್ಲಿ ಮುರಿದರೆ ಕೆಳಗಿನ ಹಲಗೆ ಎಷ್ಟೇ ಗಟ್ಟಿಯಾಗಿದ್ದರೂ ಸೌದೆಯೇ. ಮುರಿಯುವ ಭಾಗವನ್ನೇ ಬೇರೆ ಮಾಡಿ ಜೋಡಿಸಿದರೆ ಹಿಡಿ ಹೋದರೂ ಹಲಗೆ ಉಳಿಯುತ್ತದೆ. ಬ್ಯಾಟು ಮಾಡುವ ಬಡಗಿಗಳು ಹತ್ತೊಂಬತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಈ ದಾರಿ ಹಿಡಿದರು. ಮೊದಮೊದಲು ಹಿಡಿಯೂ ಮರದ್ದೇ, ಹೀಗಾಗಿ ಕೈ ಜುಮ್ಮೆನ್ನುವುದು ತಪ್ಪಲಿಲ್ಲ. 1850ರ ದಶಕದಲ್ಲಿ ನಾಟಿಂಗ್‌ಹ್ಯಾಮ್‌ಷೈರಿನ ಆಟಗಾರ ಥಾಮಸ್ ನಿಕ್ಸನ್ ಹಿಡಿಗೆ ಬೆತ್ತವನ್ನು ಬಳಸಿದ. ಆಗ್ನೇಯ ಏಷ್ಯಾದ ಕಾಡುಗಳ ಬಳ್ಳಿ ಬೆತ್ತ ಇಂಗ್ಲೆಂಡಿನ ನೀರಂಚಿನ ವಿಲೋ ಮರಕ್ಕೆ ಜೊತೆಯಾಯಿತು. 1880ರ ದಶಕದಲ್ಲಿ ಬೆಣೆಯಾಕಾರದ ಜೋಡಣೆಗೆ ಇಂದಿನ ರೂಪ ಕೊಟ್ಟ ಕೀರ್ತಿ ಚಾರ್ಲ್ಸ್ ರಿಚರ್ಡ್‌ಸನ್ ಎಂಬ ಎಂಜಿನಿಯರನಿಗೆ ಸಲ್ಲುತ್ತದೆ. ಸೆವರ್ನ್ ನದಿಯಡಿ ರೈಲು ಸುರಂಗ ಕೊರೆಸಿದವನೂ ಅವನೇ. ಸುರಂಗವನ್ನು ರೈಲಿನಲ್ಲಿ ಹಾದುಹೋಗುವವರಿಗಿಂತ ಅವನ ಬೆಣೆಯನ್ನು ಕೈಯಲ್ಲಿ ಹಿಡಿದವರೇ ಲೋಕದಲ್ಲಿ ಹೆಚ್ಚಿದ್ದಾರು.

ಭಾರತ ಉಪಖಂಡದಲ್ಲಿ ಬ್ಯಾಟು ತಯಾರಿಕೆಗೆ ಮೊದಲು ಹೆಸರಾದದ್ದು ಸಿಯಾಲ್‌ಕೋಟ್. 1947ರ ದೇಶವಿಭಜನೆಯಲ್ಲಿ ಅಲ್ಲಿಂದ ಬಂದ ಕುಶಲಕರ್ಮಿಗಳು ಜಲಂಧರ್ ಮತ್ತು ಮೀರತ್‌ಗಳಲ್ಲಿ ನೆಲೆನಿಂತರು. ನಮ್ಮ ಮಾರುಕಟ್ಟೆಯಲ್ಲಿ ಸಿಗುವ ಬ್ಯಾಟುಗಳು ಬಹುಪಾಲು ಈ ಎರಡು ಊರುಗಳವು, ಇಲ್ಲವೇ ಕಾಶ್ಮೀರದ ಅನಂತನಾಗ್ ಜಿಲ್ಲೆಯ ಹೆದ್ದಾರಿಬದಿಯ ಕಾರ್ಖಾನೆಗಳವು. ಕಾಶ್ಮೀರಿ ವಿಲೋ ತುಸು ಭಾರ, ತುಸು ಗಡಸು, ಬೆಲೆಯೂ ಕಡಿಮೆ. ಒಳ್ಳೆಯ ಇಂಗ್ಲಿಷ್ ವಿಲೋ ಬ್ಯಾಟಿಗಾದರೋ ಇಂದು ಹತ್ತಾರು ಸಾವಿರ ರೂಪಾಯಿ. ಇಷ್ಟು ತೆತ್ತ ಬ್ಯಾಟಿನಲ್ಲಿ ಬಿರುಕು ಕಂಡಾಗ ಕಣ್ಣಲ್ಲಿ ನೀರು ತಂದುಕೊಳ್ಳುವ ಹುಡುಗನನ್ನು ಯಾರೂ ಗೇಲಿ ಮಾಡಬೇಕಿಲ್ಲ.

ಅಂಥ ಹುಡುಗ ಮೊದಲು ತಿಳಿಯಬೇಕಾದದ್ದೆಂದರೆ, ಎಲ್ಲ ಬಿರುಕೂ ರೋಗವಲ್ಲ. ಬ್ಯಾಟಿನ ಮುಖವನ್ನು ಕಾರ್ಖಾನೆಯಲ್ಲಿ ಯಂತ್ರದಿಂದ ಒತ್ತಿ, ನಾರುಗಳನ್ನು ಬಿಗಿಗೊಳಿಸಿರುತ್ತಾರೆ. ಆಟದಲ್ಲಿ ಆ ಪದರದ ಮೇಲೆ ಕೂದಲೆಳೆಯಂಥ ಗೆರೆಗಳು ಮೂಡುವುದು ಸಹಜ. ನಯವಾಗಿ ಸ್ಯಾಂಡ್‌ಪೇಪರ್ ಉಜ್ಜಿ, ತೆಳು ಟೇಪ್ ಅಂಟಿಸಿದರೆ ಸಾಕು. ಅಂಚಿನಲ್ಲಿ ಸಿಬಿರು ಎದ್ದಿದ್ದರೆ, ಬುಡದಲ್ಲಿ ಸೀಳು ಬಿಟ್ಟಿದ್ದರೆ ಮಾತ್ರ ಅಂಟಿನ ಅಗತ್ಯ. ಸೀಳನ್ನು ಬಾಯಿ ಬಿಡುವಷ್ಟೇ ಮೆಲ್ಲಗೆ ಅಗಲಿಸಿ, ಬಡಗಿಗಳು ಬಳಸುವ ಮರದ ಅಂಟನ್ನು ತೆಳುವಾದ ಬ್ಲೇಡಿನಿಂದ ಆಳಕ್ಕೆ ನೂಕಬೇಕು. ಹೊರಬಂದದ್ದನ್ನು ಒರೆಸಿ, ಕ್ಲಾಂಪ್ ಇದ್ದರೆ ಅದರಿಂದ, ಇಲ್ಲವಾದರೆ ಹಳೆಯ ಸೈಕಲ್ ಟ್ಯೂಬನ್ನು ಉದ್ದುದ್ದ ಸೀಳಿ ಬಿಗಿಯಾಗಿ ಸುತ್ತಿ ಒಂದು ಹಗಲು ಒಂದು ರಾತ್ರಿ ಬಿಡಬೇಕು. ಒದ್ದೆಯಾದ ಬುಡ ಮೊದಲು ನೆರಳಿನಲ್ಲಿ ಆರಬೇಕು. ಬಿಸಿಲಿಗಿಟ್ಟರೆ ಒಂದು ಸೀಳು ಎರಡಾಗುತ್ತದೆ.

ಚೂರು ಹಾರಿಹೋಗಿದ್ದರೆ ಅಂಟೊಂದೇ ಸಾಲದು. ಆ ಜಾಗವನ್ನು ಉಳಿಯಿಂದ ಸಮನಾಗಿ ಕೆತ್ತಿ, ಕೆಟ್ಟುಹೋದ ಇನ್ನೊಂದು ಬ್ಯಾಟಿನ ವಿಲೋ ತುಂಡನ್ನು ನಾರಿನ ದಿಕ್ಕು ಹೊಂದುವಂತೆ ಕೂರಿಸಬೇಕು. ಮುರಿದ ಬ್ಯಾಟನ್ನು ಅಟ್ಟದಿಂದ ಒಲೆಗೆ ಸಾಗಿಸದಿರಲು ಇದೂ ಒಂದು ಕಾರಣ. ಸೀಳಿಗೆ ಮೊಳೆ ಹೊಡೆಯುವ ಚಾಳಿ ಮಾತ್ರ ಬೇಡ. ಮೊಳೆ ಮೃದುವಾದ ವಿಲೋವನ್ನು ಇನ್ನಷ್ಟು ಸೀಳುತ್ತದೆ, ಚೆಂಡಿನ ಚರ್ಮವನ್ನೂ ಹರಿಯುತ್ತದೆ.

ನಿಯಮಗಳು ಹೇಳುವುದೂ ಇದನ್ನೇ. 1979ರ ಡಿಸೆಂಬರಿನಲ್ಲಿ ಪರ್ತ್ ಟೆಸ್ಟಿನಲ್ಲಿ ಆಸ್ಟ್ರೇಲಿಯದ ಡೆನಿಸ್ ಲಿಲ್ಲಿ ಅಲ್ಯೂಮಿನಿಯಂ ಬ್ಯಾಟು ಹಿಡಿದು ಇಳಿದದ್ದು, ಇಂಗ್ಲೆಂಡ್ ನಾಯಕ ಮೈಕ್ ಬ್ರೇರ್ಲಿ ಆಕ್ಷೇಪಿಸಿದ್ದು, ಲಿಲ್ಲಿ ಸಿಟ್ಟಿನಿಂದ ಬ್ಯಾಟನ್ನೇ ಎಸೆದದ್ದು ಕ್ರಿಕೆಟ್ ಪ್ರಿಯರಿಗೆ ನೆನಪಿದೆ. ಹಲಗೆ ಮರದ್ದೇ ಆಗಿರಬೇಕೆಂದು 1980ರ ನಿಯಮಾವಳಿ ಸ್ಪಷ್ಟಪಡಿಸಿತು. ದುರಸ್ತಿಗೂ ಅದೇ ಕಟ್ಟಳೆ. ಮೇಲ್ಮೈಗೆ ಅಂಟಿಸುವ ಹೊದಿಕೆ ಗಡುಸಾಗಿರಕೂಡದು, ಒಂದು ಮಿಲಿಮೀಟರಿಗಿಂತ ದಪ್ಪವಿರಕೂಡದು. ಹಲಗೆಯೊಳಕ್ಕೆ ಏನನ್ನಾದರೂ ಸೇರಿಸುವುದಾದರೆ ಅದು ಮರ ಮತ್ತು ಅಗತ್ಯವಿರುವಷ್ಟೇ ಅಂಟು.

ಇನ್ನು ಎಣ್ಣೆಯ ವಿಷಯ. ಬ್ಯಾಟಿಗೆ ಅಗಸೆ ಎಣ್ಣೆಯೇ ಏಕೆ? ಅಡುಗೆಮನೆಯಲ್ಲಿ ಕೈಗೆಟಕುವ ಕೊಬ್ಬರಿ ಎಣ್ಣೆ ಏಕಾಗದು? ಅಗಸೆ ಎಣ್ಣೆ ಗಾಳಿಯಲ್ಲಿನ ಆಮ್ಲಜನಕವನ್ನು ಹೀರಿ ನಿಧಾನವಾಗಿ ಗಟ್ಟಿಯಾಗುವ ಜಾತಿಯದು. ಮರದ ಮೇಲ್ಪದರದಲ್ಲಿ ನಿಂತು, ನಾರುಗಳು ಒಣಗಿ ಬಿರಿಯದಂತೆ, ತೇವ ಒಳನುಗ್ಗದಂತೆ ಕಾಯುತ್ತದೆ. ಕೊಬ್ಬರಿ ಎಣ್ಣೆ ಎಷ್ಟು ದಿನವಾದರೂ ಆರುವುದಿಲ್ಲ. ಮರದೊಳಗೆ ಇಳಿದು ಬ್ಯಾಟನ್ನು ಭಾರವಾಗಿಸಿ, ಮೆತ್ತಗಾಗಿಸುತ್ತದೆ. ಅಗಸೆ ಎಣ್ಣೆಯಾದರೂ ತೆಳುವಾಗಿ ಸವರಿ, ಬ್ಯಾಟನ್ನು ಮಲಗಿಸಿ ಆರಿಸಬೇಕೇ ಹೊರತು ಅಭ್ಯಂಜನ ಮಾಡಿಸಬಾರದು. ಹಿಡಿ ಕೂಡುವ ತ್ರಿಕೋನದ ಹತ್ತಿರವಂತೂ ಎಣ್ಣೆ ಸುಳಿಯಲೇಬಾರದು, ಅಲ್ಲಿನ ಅಂಟು ಸಡಿಲವಾಗುತ್ತದೆ. ಎಣ್ಣೆ ಕುಡಿದ ಮರಕ್ಕೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಮೊದಲು ಅಂಟು, ಆಮೇಲೆ ಎಣ್ಣೆ.

ಹಿಡಿಗೆ ಸುತ್ತಿದ ಹುರಿ ಬಿಚ್ಚಿಕೊಂಡರೆ ಮನೆಯಲ್ಲೇ ಸುತ್ತಬಹುದು. ತೆಳುವಾಗಿ ಅಂಟು ಸವರಿ, ಹುರಿಯ ಒಂದು ಕುಣಿಕೆಯನ್ನು ಹಿಡಿಯುದ್ದಕ್ಕೆ ಇಟ್ಟು, ಅದರ ಮೇಲೆಯೇ ಒತ್ತೊತ್ತಾಗಿ ಸುತ್ತುತ್ತಾ ಹೋಗಿ, ಕೊನೆಯನ್ನು ಕುಣಿಕೆಯೊಳಗೆ ತೂರಿಸಿ ಎಳೆದರೆ ಗಂಟಿಲ್ಲದೆ ನಿಲ್ಲುತ್ತದೆ. ಮೇಲಿನ ರಬ್ಬರ್ ಕವಚ ಏರದೆ ಹಟ ಮಾಡಿದರೆ ಒಳಗೆ ಸ್ವಲ್ಪ ಮುಖದ ಪೌಡರ್ ಉದುರಿಸಿದರಾಯಿತು. ಹಿಡಿಯೇ ಮುರಿದಿದ್ದರೆ, ಅಥವಾ ಹೊಡೆದಾಗ ತ್ರಿಕೋನದ ಬಳಿ ಕಿರುಗುಟ್ಟಿದರೆ, ಅದು ನುರಿತವರ ಕೆಲಸ. ಹಳೆಯ ಬೆಣೆಯನ್ನು ಕೆತ್ತಿ ತೆಗೆದು ಹೊಸದನ್ನು ಕೂದಲೆಳೆಯಷ್ಟೂ ಸಂದಿಲ್ಲದಂತೆ ಇಳಿಸಬೇಕು.

ಈಗಿನ ಬ್ಯಾಟುಗಳಿಗೆ ಆಯುಸ್ಸು ಕಡಿಮೆ ಎಂಬ ದೂರಿನಲ್ಲಿ ಹುರುಳಿದೆ. ದಪ್ಪ ಅಂಚು ಬೇಕು, ತೂಕ ಮಾತ್ರ ಏರಬಾರದು ಎಂಬ ಬೇಡಿಕೆ ಪೂರೈಸಲು ಮರವನ್ನು ಹೆಚ್ಚು ಒಣಗಿಸಿ, ಕಡಿಮೆ ಒತ್ತುತ್ತಾರೆ. ಚೆಂಡು ದೂರ ಹೋಗುತ್ತದೆ, ಮರ ಬೇಗ ಬಿರಿಯುತ್ತದೆ. 2017ರ ನಿಯಮಾವಳಿ ಅಂಚಿಗೆ 40, ಒಟ್ಟು ದಪ್ಪಕ್ಕೆ 67 ಮಿಲಿಮೀಟರುಗಳ ಮಿತಿ ಹಾಕಿತು.

ಬುಡ ಪೂರ್ತಿ ಜಜ್ಜಿಹೋದ ಬ್ಯಾಟಿಗೂ ಒಂದು ದಾರಿ ಉಳಿದಿದೆ. ಕೆಟ್ಟ ಭಾಗವನ್ನು ಗರಗಸದಿಂದ ಕೊಯ್ದು, ಅಂಚನ್ನು ದುಂಡಗೆ ಉಜ್ಜಿ, ಹೊಸ ಬುಡಕ್ಕೆ ತೆಳುವಾಗಿ ಎಣ್ಣೆ ಹಚ್ಚಿದರೆ ಬ್ಯಾಟು ಎರಡಂಗುಲ ಕುಳ್ಳಾಗುತ್ತದೆ. ನಿಯಮ ಹೇಳುವುದು ಉದ್ದದ ಮೇಲ್ಮಿತಿಯನ್ನಷ್ಟೇ, ಕೆಳಮಿತಿಯನ್ನಲ್ಲ. ಅಣ್ಣನಿಗೆ ಗಿಡ್ಡವೆನಿಸುವ ಆ ಬ್ಯಾಟು ಮಾರನೆಯ ಭಾನುವಾರ ತಮ್ಮನ ಕೈಯಲ್ಲಿರುತ್ತದೆ.