ನೀರು ಬರುವ ದಾರಿ, ನೀರು ಹೋಗುವ ದಾರಿ: ಕೊಲ್ಹಾಪುರ ಸೀಮೆಯ ಸವಳು-ಜವಳಿನ ಚರಿತ್ರೆ

ಆನ್‌ಲೈನ್ ಸೆಮಿನಾರಿನಲ್ಲಿ ಮಾತಾಡಿದ್ದನ್ನೇ ತುಸು ತಿದ್ದಿ ಇಲ್ಲಿ ಕೊಟ್ಟಿದ್ದೇನೆ. ಹಾಗಾಗಿ ಮಾತಿನ ಧಾಟಿ ಅಲ್ಲಲ್ಲಿ ಹಾಗೇ ಉಳಿದಿದೆ.

ನಾನು ಸಾಹಿತ್ಯದ ವಿದ್ಯಾರ್ಥಿ, ಆದ್ದರಿಂದ ಒಂದು ಪದದಿಂದಲೇ ಶುರು ಮಾಡ್ತೇನೆ. ಕೃಷ್ಣಾ ತೀರದ ನಮ್ಮ ರೈತರು ಕೆಟ್ಟ ಭೂಮಿಗೆ ‘ಸವಳು-ಜವಳು’ ಅಂತಾರೆ. ಕೇಳೋದಕ್ಕೆ ಇದು ಬರೀ ಜೋಡಿಪದ ಅನಿಸುತ್ತೆ, ಆದರೆ ಎರಡರ ಅರ್ಥ ಬೇರೆ ಬೇರೆ. ಸವಳು ಅಂದರೆ ಮಣ್ಣಿನ ಮೇಲೆ ಬೆಳ್ಳಗೆ ಉಪ್ಪು ಏಳೋದು. ಜವಳು ಅಂದರೆ ನೀರು ಇಳಿಯದೆ ನೆಲ ಜೌಗು ಹಿಡಿಯೋದು. ದಕ್ಷಿಣದ ಕಡೆ ‘ಚೌಳು’ ಅನ್ನೋ ಒಂದೇ ಮಾತಿದೆ. ಗಡಿಯ ಮರಾಠಿಯಲ್ಲಿ ‘ಕ್ಷಾರಪಡ’, ‘ಚೋಪಣ’ ಅಂತಾರೆ. ಉಪ್ಪನ್ನೂ ನೀರನ್ನೂ ಜೋಡಿಸಿ ಹೇಳುವ ನಮ್ಮ ಮಾತಿನಲ್ಲಿ ರೋಗದ ಕಾರಣವೂ ಇದೆ. ನಿಂತ ನೀರು ತಳದ ಉಪ್ಪನ್ನು ಮೇಲಕ್ಕೆ ತರುತ್ತದೆ, ನೀರು ಆರಿಹೋಗುತ್ತದೆ, ಉಪ್ಪು ಉಳಿಯುತ್ತದೆ.

ಈ ಪ್ರಬಂಧದ ವಾದ ಇಷ್ಟು: ಕೊಲ್ಹಾಪುರ ಸೀಮೆಯಲ್ಲಿ ಹೊಲಕ್ಕೆ ನೀರು ತರುವ ನಿರ್ಧಾರವನ್ನು ಜನ ಯಾವಾಗಲೂ ಕೂಡಿ ಮಾಡಿದ್ದಾರೆ. ಹೊಲದಿಂದ ನೀರು ಹೊರಗೆ ಹೋಗುವ ದಾರಿಯ ಬಗ್ಗೆ ಮಾತ್ರ ಬಹಳ ಕಾಲ ಯಾರೂ ಕೂಡಿ ಕೂತು ನಿರ್ಧಾರ ಮಾಡಲಿಲ್ಲ.

ಮೊದಲು ಹಳೆಯ ಕಾಲ ನೋಡೋಣ. 12ನೇ ಶತಮಾನದ ಆರಂಭದಲ್ಲಿ ಕೊಲ್ಹಾಪುರವನ್ನು ಆಳಿದ ಶಿಲಾಹಾರ ಅರಸ ಗಂಡರಾದಿತ್ಯ, ಮಿರಜ ನಾಡಿನಲ್ಲಿ ‘ಗಂಡಸಮುದ್ರ’ ಎಂಬ ಕೆರೆ ಕಟ್ಟಿಸಿದ. ಅದರ ದಂಡೆಯ ಮೇಲೆ ಶಿವ, ಬುದ್ಧ, ಅರ್ಹಂತ ಮೂವರನ್ನೂ ಪ್ರತಿಷ್ಠಾಪಿಸಿ ಭೂಮಿ ಬಿಟ್ಟ. ಶಾಸನ ಓದುವಾಗ ನಾವು ಸಾಮಾನ್ಯವಾಗಿ ಧರ್ಮಸಮನ್ವಯದ ಮಾತಾಡಿ ಮುಂದೆ ಹೋಗ್ತೇವೆ. ಕೆರೆಯ ಜತೆ ಭೂಮಿಯನ್ನೂ ಬಿಟ್ಟದ್ದು ನನಗೆ ಅಷ್ಟೇ ಮುಖ್ಯ ಅನಿಸುತ್ತದೆ. ಕನ್ನಡ ಶಾಸನಗಳಲ್ಲಿ ಬರುವ ‘ಬಿತ್ತುವಟ್ಟ’, ‘ಕಟ್ಟುಕೊಡಗೆ’ಗಳನ್ನು ನೆನೆಯಿರಿ. ಕೆರೆ ಕಟ್ಟಿದವರಿಗೆ, ಅದನ್ನು ಕಾಪಾಡುವವರಿಗೆ ಆ ನೀರಿನಡಿಯ ಭೂಮಿಯಲ್ಲೋ ಬೆಳೆಯಲ್ಲೋ ಒಂದು ಪಾಲು ಮೀಸಲು. ನೀರು ಕೊಡುವ ನಿರ್ಧಾರದ ಒಳಗೇ ನಾಳಿನ ದುರಸ್ತಿಯ ಖರ್ಚೂ ಕೂಡಿರುತ್ತಿತ್ತು.

ಇನ್ನು ಆಧುನಿಕ ಕಾಲಕ್ಕೆ ಬರೋಣ. ಶಾಹೂ ಮಹಾರಾಜರು 1894ರಲ್ಲಿ ಅಧಿಕಾರ ವಹಿಸಿಕೊಂಡ ಕೆಲವೇ ವರ್ಷಗಳಲ್ಲಿ 1896-97ರ ಬರ ಬಂತು. ಆಮೇಲೆ ಅವರು ಭೋಗಾವತಿ ನದಿಗೆ ರಾಧಾನಗರಿಯಲ್ಲಿ ಅಣೆಕಟ್ಟಿನ ಕೆಲಸ ಶುರು ಮಾಡಿಸಿದರು. 1922ರಲ್ಲಿ ಅವರು ತೀರಿಕೊಂಡಾಗ ಅದು ಪೂರ್ತಿಯಾಗಿರಲಿಲ್ಲ. ಆದರೂ ಪಂಚಗಂಗಾ ಕಣಿವೆಯ ಒಕ್ಕಲುತನದ ದಿಕ್ಕನ್ನು ಬದಲಿಸಿದ ನಿರ್ಧಾರ ಅದೇ. ಮುಂದೆ ‘ಕೊಲ್ಹಾಪುರ ಮಾದರಿ ಬಂಧಾರೆ’ ಬಂದವು. ನದಿಗೆ ಅಡ್ಡ ಕಲ್ಲಿನ ಕಂಬ, ನಡುವೆ ಹಲಗೆ. ಈ ಹಲಗೆಗೆ ಅಲ್ಲಿ ‘ಬರಗೆ’ ಅಂತಾರೆ. ಮಳೆಗಾಲ ಮುಗಿದ ಮೇಲೆ ಬರಗೆ ಹಾಕಿ ನೀರು ತಡೀತಾರೆ, ಮುಂದಿನ ಮಳೆಗೆ ಮುಂಚೆ ತೆಗೀತಾರೆ. ಮಹಾಪೂರ, ಹೂಳು ಎರಡೂ ಹಾಯ್ದು ಹೋಗಲಿ ಅಂತ. ಕರ್ನಾಟಕದ ನದಿಗಳಲ್ಲೂ ಈ ಮಾದರಿಯನ್ನು ಕಾಣಬಹುದು.

ಬಂಧಾರೆಯಲ್ಲಿ ನಿಂತ ನೀರು ತಾನಾಗಿ ಹೊಲಕ್ಕೆ ಏರೋದಿಲ್ಲ, ಎತ್ತಬೇಕು. ಅದಕ್ಕಾಗಿ ಸಹಕಾರಿ ಪಾಣಿಪುರವಠಾ ಸಂಸ್ಥೆಗಳು ಹುಟ್ಟಿದವು. ರೈತರು ಶೇರು ಹಾಕಿ, ಸಾಲ ಎತ್ತಿ, ಪೈಪು ಹೂಳಿ, ಪಾಳಿ ಹಚ್ಚಿ ನೀರು ಬಿಡಲು ‘ಪಾಟಕರಿ’ಯನ್ನು ನೇಮಿಸಿಕೊಂಡರು. ಅದರ ಹಿಂದೆಯೇ ಸಹಕಾರಿ ಸಕ್ಕರೆ ಕಾರ್ಖಾನೆಗಳು ಬಂದವು. ಸ್ವಾತಂತ್ರ್ಯ ಹೋರಾಟಗಾರ ರತ್ನಾಪ್ಪಾ ಕುಂಭಾರರು ಇಚಲಕರಂಜಿಯಲ್ಲಿ ಕಟ್ಟಿದ ಪಂಚಗಂಗಾ ಕಾರ್ಖಾನೆ ಇವುಗಳ ಮೊದಲ ಸಾಲಿನದು. ಸಾಲದಲ್ಲಿ, ಮಳೆಯ ನಂಬಿಕೆಯಲ್ಲಿ ಬದುಕುತ್ತಿದ್ದ ಸಣ್ಣ ಹಿಡುವಳಿದಾರನಿಗೆ ಇದು ದೊಡ್ಡ ಬಿಡುಗಡೆ. ಇದನ್ನು ಸಣ್ಣದು ಮಾಡಿ ಹೇಳುವ ಉದ್ದೇಶ ನನಗಿಲ್ಲ.

ತೊಂದರೆ ಎಲ್ಲಿ ಶುರುವಾಯ್ತು ನೋಡ್ರಿ. ನೀರಿನ ಪಟ್ಟಿ ಎಕರೆ ಲೆಕ್ಕದ್ದು. ಎಷ್ಟು ನೀರು ಹರಿಸಿದರೂ ದುಡ್ಡು ಅಷ್ಟೇ. ಅಡಸಾಲಿ ಕಬ್ಬು ಹೊಲದಲ್ಲಿ 16-18 ತಿಂಗಳು ಇರುತ್ತದೆ, ಅಷ್ಟೂ ದಿನ ನೀರು ಬೇಕು. ಶಿರೋಳ ತಾಲೂಕು ಕೃಷ್ಣಾ, ಪಂಚಗಂಗಾ, ವಾರಣಾ, ದೂಧಗಂಗಾ ನದಿಗಳ ನಡುವಿನ ತಗ್ಗು, ಅದರಲ್ಲೂ ಕರಿಯೆರೆ ಭೂಮಿ. ನೀರನ್ನು ಬೇಗ ಇಳಿಸದ ಮಣ್ಣು. ಮಳೆಗಾಲದ ನೀರು ಹರಿದು ಹೋಗುತ್ತಿದ್ದ ಹಳ್ಳಗಳನ್ನು ಒತ್ತಿ ಅಲ್ಲೂ ಕಬ್ಬು ಹಚ್ಚಿದರು. ಕೆಲವು ದಶಕಗಳಲ್ಲಿ ಸಾವಿರಾರು ಎಕರೆ ಸವಳು ಹಿಡಿಯಿತು. ಮಣ್ಣಿನ ರಸದ ವಿದ್ಯುತ್ ವಾಹಕತೆ ಮೀಟರಿಗೆ 4 ಡೆಸಿಸೈಮನ್ ದಾಟಿದರೆ ಅದನ್ನು ಸವಳು ಭೂಮಿ ಅಂತ ಗುರುತಿಸ್ತಾರೆ. ರೈತನಿಗೆ ಆ ಯಂತ್ರ ಬೇಡ. ಬೀಜ ಹುಟ್ಟೋದಿಲ್ಲ, ಕಬ್ಬಿನ ಗಣಿಕೆ ಗಿಡ್ಡ ಆಗ್ತದೆ, ಕೊನೆಗೆ ಜಾಲಿ ಬೆಳೀತದೆ.

ಇದನ್ನು ಯಾರೂ ಮೊದಲೇ ಕಂಡಿರಲಿಲ್ಲ ಅನ್ನುವಂತಿಲ್ಲ. ಪುಣೆ ಸೀಮೆಯ ನೀರಾ ಕಾಲುವೆಯಲ್ಲಿ 1900ರ ಹೊತ್ತಿಗೇ ಕಬ್ಬು ಒಂದೇ ಕಡೆ ಗುಂಪುಗೂಡಿ ಭೂಮಿ ಜವಳು ಹಿಡಿಯುತ್ತಿತ್ತು. ಆಗ ಮುಂಬಯಿ ಪ್ರಾಂತ್ಯದ ಸೇವೆಯಲ್ಲಿದ್ದ ನಮ್ಮ ಎಂ. ವಿಶ್ವೇಶ್ವರಯ್ಯನವರು ‘ಬ್ಲಾಕ್ ಪದ್ಧತಿ’ ಸೂಚಿಸಿದರು: ಕಾಲುವೆ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚಬೇಕು, ಒಂದು ಬ್ಲಾಕಿನಲ್ಲಿ ಸುಮಾರು ಮೂರನೇ ಒಂದು ಪಾಲಿಗಷ್ಟೇ ಕಬ್ಬು ಇರಬೇಕು, ಉಳಿದದ್ದರಲ್ಲಿ ಕಡಿಮೆ ನೀರಿನ ಬೆಳೆ, ವರ್ಷ ವರ್ಷ ಅದಲುಬದಲು ಮಾಡಬೇಕು. ಅಂದರೆ ಯಾವ ಹೊಲಕ್ಕೆ ಯಾವ ಬೆಳೆ ಅನ್ನೋದು ಒಬ್ಬನ ನಿರ್ಧಾರವಾಗಿ ಉಳಿಯುವುದಿಲ್ಲ. ನದಿಯಿಂದ ನೀರೆತ್ತುವ ಕೊಲ್ಹಾಪುರದಲ್ಲಿ ಇಂಥ ಕಟ್ಟು ಬೇರೂರಲಿಲ್ಲ. ಸಂಸ್ಥೆ ಪಾಳಿ ಹೇಳಿತು, ಕಾರ್ಖಾನೆ ಕಬ್ಬು ಕೇಳಿತು. ಮಣ್ಣಿನ ಮಾತು ಕೇಳೋರು ಯಾರು?

ಈಗ ರಿಪೇರಿಯ ಚರಿತ್ರೆ. ಶಿರೋಳದ ಶ್ರೀ ದತ್ತ ಶೇತಕರಿ ಸಹಕಾರಿ ಸಕ್ಕರೆ ಕಾರ್ಖಾನೆಯ ಅಧ್ಯಕ್ಷ ಗಣಪತರಾವ ಪಾಟೀಲರ ಮುಂದಾಳತ್ವದಲ್ಲಿ, ಸವಳು ಹಿಡಿದ ಭೂಮಿಯನ್ನು ಮತ್ತೆ ಸಾಗುವಳಿಗೆ ತರುವ ಕೆಲಸ ಇತ್ತೀಚಿನ ವರ್ಷಗಳಲ್ಲಿ ನಡೆದಿದೆ. ತಂತ್ರ ಸರಳ. ಮೂರು-ನಾಲ್ಕು ಅಡಿ ಆಳದಲ್ಲಿ ತೂತುಗಳಿರುವ ಪ್ಲಾಸ್ಟಿಕ್ ಪೈಪು ಹೂಳ್ತಾರೆ. ಅವುಗಳ ನೀರು ಒಂದು ದೊಡ್ಡ ಪೈಪಿಗೆ ಸೇರಿ ಹಳ್ಳಕ್ಕೆ ಹೋಗ್ತದೆ. ಮಳೆ ನೀರು ಮೇಲಿನ ಉಪ್ಪನ್ನು ತೊಳೆದು ಕೆಳಗಿನ ಪೈಪಿಗೆ ಇಳಿಸ್ತದೆ. ಚೋಪಣ ಇದ್ದಲ್ಲಿ ಜಿಪ್ಸಂ, ಹಸಿರೆಲೆ ಗೊಬ್ಬರ ಬೇಕಾಗುತ್ತವೆ.

ತಂತ್ರಕ್ಕಿಂತ ಕಷ್ಟದ್ದು ಒಪ್ಪಂದ. ನನ್ನ ಹೊಲದ ಪೈಪು ನಿಮ್ಮ ಹೊಲ ದಾಟದೆ ಹಳ್ಳ ಮುಟ್ಟೋದಿಲ್ಲ. ನೀವು ಒಪ್ಪದಿದ್ದರೆ ನನ್ನ ದುಡ್ಡು ಮಣ್ಣಾಯ್ತು. ನಾನೊಬ್ಬನೇ ಪೈಪು ಹಾಕಿದರೆ ಮೇಲಿನ ಹೊಲದ ಬಸಿನೀರು ನನ್ನ ಹೊಲಕ್ಕೇ ಇಳೀತದೆ. ಹಾಗಾಗಿ ಊರೂರಲ್ಲಿ ರೈತರು ಒಟ್ಟು ಸೇರಿ, ಸಾಲ ತಗೊಂಡು, ಬದು ದಾಟಿ ಪೈಪು ಹೋಗಲು ಒಪ್ಪಿದ ಮೇಲೆಯೇ ಕೆಲಸ ಸಾಗಿತು. ನೀರು ತರಲು ಹಿಂದಿನವರು ಮಾಡಿಕೊಂಡ ಒಪ್ಪಂದವನ್ನೇ ನೀರು ಹೊರಹಾಕಲು ಎರಡನೇ ಸಲ ಮಾಡಬೇಕಾಯ್ತು. ಅದರ ಖರ್ಚು ಮಾತ್ರ ಮುಂದಿನ ತಲೆಮಾರಿನ ಮೇಲೆ ಬಿತ್ತು.

ಇದರಲ್ಲಿ ಇಚಲಕರಂಜಿ ಪೇಟೆಯ ಪಾತ್ರವೂ ಇದೆ. 1904ರಿಂದ ಪವರ್‌ಲೂಮ್ ಕಂಡ ಊರು, ಕನ್ನಡ ಮಾತಾಡುವ ನೇಕಾರರೂ ಇರುವ ಊರು. ಹತ್ತಿ ಬಟ್ಟೆಗೆ ಬಣ್ಣ ಹಿಡಿಸಲು ಉಪ್ಪು ಬೇಕು. ಆ ಉಪ್ಪುನೀರು ಪಂಚಗಂಗೆ ಸೇರಿದರೆ ಕೆಳಗಿನ ಶಿರೋಳದ ಪಂಪು ಅದನ್ನೇ ಎತ್ತುತ್ತದೆ. ಪಂಚಗಂಗೆ ಕೆಟ್ಟಿತೆಂದು ಪೇಟೆ ಕುಡಿಯುವ ನೀರಿಗೆ ಬೇರೆ ನದಿ ಹುಡುಕಿತು. ವಾರಣೆಯ ನೀರಿಗೆ ದಾನೋಳಿಯವರು, ದೂಧಗಂಗೆಯ ಸುಳಕೂಡ ಯೋಜನೆಗೆ ಆ ಕಡೆಯ ಹಳ್ಳಿಯವರು ಒಟ್ಟಾಗಿ ಎದುರು ನಿಂತರು. ಜಯಸಿಂಗಪುರದಲ್ಲಿ ಪ್ರತಿ ವರ್ಷ ಕಬ್ಬಿನ ದರಕ್ಕಾಗಿ ರೈತರ ‘ಊಸ್ ಪರಿಷತ್’ ಸೇರುತ್ತದೆ. ನೀರಿಗಾಗಿ, ದರಕ್ಕಾಗಿ ಕೂಡುವ ಶಕ್ತಿ ಈ ಸೀಮೆಗೆ ಧಾರಾಳವಾಗಿದೆ. ಮಣ್ಣಿಗಾಗಿ ಕೂಡುವ ರೂಢಿ ಈಗಷ್ಟೇ ಶುರುವಾಗಿದೆ.

ಗಡಹಿಂಗ್ಲಜದ ಕಥೆ ಬೇರೆ. ಅದು ಹಿರಣ್ಯಕೇಶಿಯ ಏರುತಗ್ಗಿನ ಸೀಮೆ. ಶೇಂಗಾ, ಜೋಳ, ಸಂಕೇಶ್ವರಿ ಮೆಣಸಿನಕಾಯಿಗೆ ಹೆಸರಾದ ಪೇಟೆ. ಆಜರಾ ತಾಲೂಕಿನ ಚಿತ್ರಿ ಅಣೆಕಟ್ಟಿನ ನೀರು ಈ ನದಿಗೆ ಬರುತ್ತದೆ. ಅದೇ ನೀರು ಮುಂದೆ ಸಂಕೇಶ್ವರಕ್ಕೆ, ಘಟಪ್ರಭೆಗೆ. ಇಳಿಜಾರು ಇರುವುದರಿಂದ ಶಿರೋಳದಷ್ಟು ಜವಳು ಇಲ್ಲಿ ನಿಲ್ಲೋದಿಲ್ಲ. ಆದರೆ ನದಿದಂಡೆಯ ತಗ್ಗಿನಲ್ಲಿ ಶೇಂಗಾ, ಮೆಣಸಿನಕಾಯಿ ಇದ್ದ ಕಡೆ ಕಬ್ಬು ಬಂದಾಗ ಅದೇ ಪ್ರಶ್ನೆ ಏಳುತ್ತದೆ. ಶಿರೋಳದವರು ಕೆಟ್ಟ ಮೇಲೆ ಕೂಡಿದರು. ಗಡಹಿಂಗ್ಲಜದವರಿಗೆ ಕೆಡುವ ಮೊದಲೇ ಕೂಡಲು ಇನ್ನೂ ಅವಕಾಶ ಇದೆ.

ಚರ್ಚೆಯಲ್ಲಿ ಒಂದು ಪ್ರಶ್ನೆ ಬಂತು: ಹಾಗಾದ್ರೆ ಕಬ್ಬು ಬಿಡ್ರಿ ಅಂತ ರೈತರಿಗೆ ಹೇಳ್ತೀರಾ? ಇಲ್ಲ. ಸರಕಾರ ನಿಗದಿ ಮಾಡಿದ ಕನಿಷ್ಠ ದರ, ಕೊಳ್ಳುವ ಕಾರ್ಖಾನೆ ಎರಡೂ ಕಬ್ಬಿಗಿವೆ. ಮೆಣಸಿನಕಾಯಿಗೆ ಪೇಟೆಯ ಆ ದಿನದ ಧಾರಣೆಯೇ ಗತಿ. ಮೇಲಾಗಿ 2019, 2021ರಂಥ ಮಹಾಪೂರದಲ್ಲಿ ಉಳಿದ ಬೆಳೆ ಕೊಳೆತರೂ ಕಬ್ಬು ಕೆಲವು ದಿನ ತಡೆದುಕೊಳ್ಳುತ್ತದೆ. ರೈತ ತಿಳಿಗೇಡಿಯಾಗಿ ಕಬ್ಬು ಹಚ್ಚಿದ್ದಲ್ಲ. ಅವನಿಗೆ ಒಬ್ಬಂಟಿಯಾಗಿ ಬೇರೆ ನಿರ್ಧಾರ ಮಾಡುವ ದಾರಿ ಇರಲಿಲ್ಲ, ಅಷ್ಟೇ.

ನಾನು ಹೇಳೋದು ಇಷ್ಟು. ಹೊಸ ನೀರಿನ ಯೋಜನೆಯ ಕಾಗದದಲ್ಲಿ ಪಾಳಿ, ಪಟ್ಟಿ, ಶೇರುಗಳ ಜತೆಗೆ ಹೊರಹೋಗುವ ಹಳ್ಳದ ನಕ್ಷೆ ಇರಲಿ, ಅದರ ಹೂಳು ತೆಗೆಯಲು ಒಂದು ಪಾಲು ಮೀಸಲಿರಲಿ. ಬಿತ್ತುವಟ್ಟ ಅನ್ನುವ ಪದವನ್ನು ನಾವು ಪರೀಕ್ಷೆಗಾಗಿ ಓದಿ ಬಿಡ್ತೇವೆ. ಆ ಪದದಲ್ಲಿರುವ ಏರ್ಪಾಡು ಹಿರಣ್ಯಕೇಶಿಯ ದಂಡೆಗೆ ಇವತ್ತು ಬೇಕಾಗಿದೆ.