ರಾಗದ ನಿಯಮ, ವೇದಿಕೆಯ ನಿಯಮ

1962ರ ಡಿಸೆಂಬರಿನಲ್ಲಿ ಮದ್ರಾಸಿನ ಮ್ಯೂಸಿಕ್ ಅಕಾಡೆಮಿ ತನ್ನ ಸ್ವಂತ ಸಭಾಂಗಣವನ್ನು ತೆರೆದಾಗ ಅದನ್ನು ಉದ್ಘಾಟಿಸಿದವರು ಮೈಸೂರಿನ ಜಯಚಾಮರಾಜ ಒಡೆಯರ್. ಯಾರು ಹಾಡಬೇಕು, ಯಾರಿಗೆ ಎಷ್ಟು ಸಂಭಾವನೆ, ಯಾರಿಗೆ ಬಿರುದು ಎಂಬುದನ್ನೆಲ್ಲ ತಲೆಮಾರುಗಳ ಕಾಲ ತೀರ್ಮಾನಿಸಿದ್ದು ಮೈಸೂರು, ತಂಜಾವೂರು, ತಿರುವಾಂಕೂರಿನಂಥ ಅರಮನೆಗಳು. ಆ ಅಧಿಕಾರ ಅಷ್ಟು ಹೊತ್ತಿಗೆ ರಸಿಕರ ಸಂಘವೊಂದರ ಕೈಗೆ ಬಂದಾಗಿತ್ತು. ಸಂಘ ಕಟ್ಟಿದವರಲ್ಲಿ ಹೆಚ್ಚಿನವರು ಸಂಗೀತದಿಂದ ಹೊಟ್ಟೆ ಹೊರೆಯುವವರಲ್ಲ. ವಕೀಲರು, ವೈದ್ಯರು, ಸರ್ಕಾರಿ ಅಧಿಕಾರಿಗಳು. ಅಕಾಡೆಮಿಯ ಮೊದಲ ಅಧ್ಯಕ್ಷ ಡಾ. ಯು. ರಾಮರಾವ್ ಅವರೇ ಉಡುಪಿ ಮೂಲದ ವೈದ್ಯರು. ಇವರಿಗೆಲ್ಲ ಸಂಗೀತವೆಂದರೆ ಪ್ರಾಣಕ್ಕೆ ಹತ್ತಿರವಾದ ಹವ್ಯಾಸ. ಹಾಗಾದರೆ ಹವ್ಯಾಸಿಗಳ ಬಳಗವೊಂದರಲ್ಲಿ ನಿಯಮ ಮಾಡುವ ಹಕ್ಕು ಯಾರದು? ಅದನ್ನು ಪಾಲಿಸುವಂತೆ ನೋಡಿಕೊಳ್ಳುವ ಹೊಣೆ ಯಾರದು? ಸಭಾ ಎಂದು ಕರೆಯುವ ಚೆನ್ನೈಯ ಇಂಥ ಸಂಗೀತ ಸಂಘಗಳ ನೂರು ವರ್ಷಗಳ ಚರಿತ್ರೆ ಈ ಪ್ರಶ್ನೆಗೆ ಉತ್ತರ ಕೊಡುತ್ತದೆ. ಆ ಉತ್ತರ ಎರಡು ಭಾಗದ್ದು. ಕಲೆಯ ನಿಯಮ ಚರ್ಚೆಯಿಂದಲೂ ರೂಢಿಯಿಂದಲೂ ಬೆಳೆಯಬೇಕು, ಅದಕ್ಕೆ ದಂಡ ಇರಬಾರದು. ವೇದಿಕೆಯ ನಿಯಮ ಬರಹದಲ್ಲಿರಬೇಕು, ಅದಕ್ಕೆ ದಂಡ ಇರಲೇಬೇಕು. ಸಭಾಗಳು ಬಹುಕಾಲ ಮೊದಲನೆಯದಕ್ಕೆ ತಲೆ ಕೆಡಿಸಿಕೊಂಡು ಎರಡನೆಯದನ್ನು ಕೈಬಿಟ್ಟವು.

ಅರಮನೆಯಿಂದ ಸಭಾಕ್ಕೆ ಬಂದ ದಾರಿ ಒಂದೇ ದಿನದ್ದಲ್ಲ. ಪುಣೆಯ ಗಾಯನ ಸಮಾಜದ ಶಾಖೆ ಮದ್ರಾಸಿನಲ್ಲಿ 1883ರಲ್ಲಿ ಶುರುವಾಯಿತು. ಅದೇ ಊರಿನ ತಿರುವಲ್ಲಿಕ್ಕೇಣಿಯ ಪಾರ್ಥಸಾರಥಿ ಸ್ವಾಮಿ ಸಭಾ 1900ರದು, ನಮ್ಮ ಬೆಂಗಳೂರು ಗಾಯನ ಸಮಾಜ 1905ರದು. ರಾಜ ಒಬ್ಬ ಮೆಚ್ಚಿದರೆ ಸಾಕಾಗಿದ್ದ ವಿದ್ವಾಂಸ ಈಗ ಟಿಕೆಟು ಕೊಂಡು ಕೂತ ನೂರಾರು ಜನರನ್ನು ಮೆಚ್ಚಿಸಬೇಕಾಯಿತು. 1927ರ ಡಿಸೆಂಬರಿನಲ್ಲಿ ಮದ್ರಾಸಿನಲ್ಲಿ ಕಾಂಗ್ರೆಸ್ ಅಧಿವೇಶನ ಸೇರಿತು. ಅದರ ಜೊತೆಗೇ ನಡೆದ ಸಂಗೀತ ಸಮ್ಮೇಳನದಲ್ಲಿ ಒಂದು ಅಕಾಡೆಮಿ ಬೇಕೆಂಬ ನಿರ್ಣಯವಾಯಿತು. ಮರುವರ್ಷ ಆಗಸ್ಟ್ 18ರಂದು ಸರ್ ಸಿ.ಪಿ. ರಾಮಸ್ವಾಮಿ ಅಯ್ಯರ್ ಅದನ್ನು ಉದ್ಘಾಟಿಸಿದರು. ಸಂಗೀತಕ್ಕೆ ಶಾಸ್ತ್ರಶುದ್ಧವಾದ ಮಾನದಂಡ ರೂಪಿಸುವುದು ಸಂಸ್ಥೆಯ ಹಂಬಲ. ಅದಕ್ಕಾಗಿ ವಿದ್ವಾಂಸರ ತಜ್ಞ ಸಮಿತಿ ಏರ್ಪಟ್ಟಿತು. ಸಮ್ಮೇಳನದಲ್ಲಿ ರಾಗಗಳ ಲಕ್ಷಣದ ಮೇಲೆ ಚರ್ಚೆ ನಡೆಯಿತು, ಅದರ ವರದಿ ಅಕಾಡೆಮಿಯ ಪತ್ರಿಕೆಯಲ್ಲಿ ಅಚ್ಚಾಯಿತು. ಮೈಸೂರು ಆಸ್ಥಾನಕ್ಕೆ ಸೇರಿದ್ದ ಮುತ್ತಯ್ಯ ಭಾಗವತರು 1930ರಲ್ಲಿ, ಮೈಸೂರು ವಾಸುದೇವಾಚಾರ್ಯರು 1935ರಲ್ಲಿ ಸಮ್ಮೇಳನದ ಅಧ್ಯಕ್ಷತೆ ವಹಿಸಿದರು. ಹಾಡುವವರು ಹಾಡಿ ತೋರಿಸುತ್ತಿದ್ದರು, ಗ್ರಂಥ ಬಲ್ಲವರು ಲಕ್ಷಣ ಹೇಳುತ್ತಿದ್ದರು, ಎರಡೂ ಹೊಂದದ ಕಡೆ ವಾದ ನಡೆಯುತ್ತಿತ್ತು. ಹವ್ಯಾಸಿಗಳು ತಾವೇ ತೀರ್ಪು ಕೊಡದೆ ಬಲ್ಲವರನ್ನು ಕರೆದು ಕೂರಿಸಿದ್ದು ಆ ಸಂಸ್ಥೆಯ ದೊಡ್ಡ ವಿವೇಕ.

ಆದರೆ ಇಂಥ ಚರ್ಚೆಯ ಫಲ ಆಜ್ಞೆಯಲ್ಲ, ಸಲಹೆ. ಅದು ಹಾಗಿದ್ದುದೇ ಒಳ್ಳೆಯದಾಯಿತು. ಕರ್ನಾಟಕ ಸಂಗೀತದಲ್ಲಿ ಗಟ್ಟಿಯಾಗಿ ನಿಂತ ನಿಯಮಗಳಾವುವೂ ಶಿಕ್ಷೆಯ ಭಯದಿಂದ ನಿಂತವಲ್ಲ. ಮಾಯಾಮಾಳವಗೌಳದಲ್ಲಿ ಸರಳೆ, ಜಂಟಿ ಕಲಿಸಿ ಪಾಠ ಆರಂಭಿಸುವ ಕ್ರಮವನ್ನು ಸಂಪ್ರದಾಯ ಪುರಂದರದಾಸರ ಹೆಸರಿಗೆ ಸೇರಿಸುತ್ತದೆ. ಅದನ್ನು ಮೀರಿದವರಿಗೆ ದಂಡ ಹಾಕಿದವರಿಲ್ಲ, ಆದರೂ ಇಡೀ ದಕ್ಷಿಣ ಭಾರತ ಇವತ್ತಿಗೂ ಅಲ್ಲಿಂದಲೇ ಹೊರಡುತ್ತದೆ. 17ನೆಯ ಶತಮಾನದಲ್ಲಿ ವೆಂಕಟಮಖಿ ‘ಚತುರ್ದಂಡೀಪ್ರಕಾಶಿಕೆ’ಯಲ್ಲಿ 72 ಮೇಳಗಳ ಚೌಕಟ್ಟು ಹಾಕಿದರು. ಆ ಮೇಳಗಳಿಗೆ ಕನಕಾಂಗಿ, ರತ್ನಾಂಗಿ ಎಂದು ಒಂದು ಹೆಸರಿನ ಸಾಲು, ಕನಕಾಂಬರಿ, ಫೇನದ್ಯುತಿ ಎಂದು ಇನ್ನೊಂದು ಸಾಲು ಬಂದವು. ಎರಡೂ ಉಳಿದಿವೆ, ಸಂಗೀತಕ್ಕೆ ಅದರಿಂದ ಕೇಡಾಗಿಲ್ಲ. ಇಂದಿನ ಕಛೇರಿ ಪದ್ಧತಿಯನ್ನು ನೆಲೆಗೊಳಿಸಿದ ಕೀರ್ತಿ ಅರಿಯಕುಡಿ ರಾಮಾನುಜ ಅಯ್ಯಂಗಾರ್ಯರದು. ಅದು ಯಾವ ಸಮಿತಿಯ ನಿರ್ಣಯದಿಂದಲೂ ಆದದ್ದಲ್ಲ. ಅವರು ಹಾಡಿದರು, ಕೇಳುಗರು ಒಪ್ಪಿದರು, ಉಳಿದವರು ಹಿಂಬಾಲಿಸಿದರು. ಮೈಕು ಇಲ್ಲದ ಕಾಲದಲ್ಲಿ ದೊಡ್ಡ ಸಭಾಂಗಣದ ಕೊನೆಯ ಸಾಲಿಗೂ ನಾದ ಮುಟ್ಟಲೆಂದು ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡರು. ಅಕಾಡೆಮಿ 1957ರಲ್ಲಿ ಅವರಿಗೆ ‘ಸಂಗೀತ ಕಲಾನಿಧಿ’ ಕೊಟ್ಟು ಗೌರವಿಸಿತು. ಮೈಕು ಬಂದ ಮೇಲೆ ಪಿಟೀಲು ನಾಲ್ಕು ತಂತಿಯಲ್ಲೇ ಉಳಿಯಿತು. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತ ಕದ್ರಿ ಗೋಪಾಲನಾಥರು ಮದ್ರಾಸಿನಲ್ಲಿ ಟಿ.ವಿ. ಗೋಪಾಲಕೃಷ್ಣನ್ ಅವರ ಬಳಿ ಕಲಿತು, ಆ ವಿಲಾಯತಿ ವಾದ್ಯದಿಂದ ಗಮಕ ಹೊರಡಿಸಿದರು. ಅದು ಸಲ್ಲುತ್ತದೆಂದು ಪರವಾನಗಿ ಕೊಟ್ಟದ್ದು ಕೇಳುಗರ ಕಿವಿ.

ಹೀಗೆ ಬಿಟ್ಟುಕೊಟ್ಟರೆ ಸಂಪ್ರದಾಯ ಸಡಿಲವಾಗದೇ, ಕಾವಲು ಬೇಡವೇ ಎಂದು ಕೇಳುವವರಿದ್ದಾರೆ. ಅವರ ಆತಂಕ ಪ್ರಾಮಾಣಿಕವಾದದ್ದು. ಆದರೆ ಕಾವಲುಗಾರನ ಕೈಗೆ ದೊಣ್ಣೆ ಕೊಟ್ಟರೆ ಏನಾಗುತ್ತದೆಂಬುದಕ್ಕೆ ಆಕಾಶವಾಣಿಯ ಉದಾಹರಣೆ ಇದೆ. ಹಾರ್ಮೋನಿಯಂ ನಮ್ಮ ಶ್ರುತಿಗಳಿಗೆ ಒಗ್ಗದು, ಅದರಲ್ಲಿ ಗಮಕ ನುಡಿಯದು ಎಂಬ ಟೀಕೆಯಲ್ಲಿ ತಿರುಳಿತ್ತು. ಆ ಟೀಕೆ ವಿದ್ವಾಂಸರ ಚರ್ಚೆಯಾಗಿಯೇ ಉಳಿದಿದ್ದರೆ ಕೇಳುಗರೂ ನುಡಿಸುವವರೂ ಅವರವರ ತೀರ್ಮಾನಕ್ಕೆ ಬರುತ್ತಿದ್ದರು. 1940ರಲ್ಲಿ ಅದು ಆಜ್ಞೆಯಾಯಿತು, ಹಾರ್ಮೋನಿಯಂ ರೇಡಿಯೊದಿಂದ ಹೊರಬಿತ್ತು. ನಿಷೇಧ ಸಡಿಲವಾಗಲು 1971 ಬರಬೇಕಾಯಿತು. ಉತ್ತರ ಕರ್ನಾಟಕದ ಹಿಂದುಸ್ತಾನಿ ಬೈಠಕ್ಕುಗಳಲ್ಲೂ ನಾಟಕ ಕಂಪನಿಗಳಲ್ಲೂ ಜನ ದಿನವೂ ಕೇಳುತ್ತಿದ್ದ ವಾದ್ಯಕ್ಕೆ ಮೂರು ದಶಕ ರೇಡಿಯೊದ ಬಾಗಿಲು ಮುಚ್ಚಿತ್ತು. ಕೇಳುಗರು ಅದನ್ನು ಬಿಡಲಿಲ್ಲ, ನುಡಿಸುವವರು ಮಾತ್ರ ಅವಕಾಶ ಕಳೆದುಕೊಂಡರು. ರುಚಿಯನ್ನು ಸುತ್ತೋಲೆಯಿಂದ ತಿದ್ದಲಾಗದು. ಸುತ್ತೋಲೆಗೆ ಸಿಕ್ಕಿಬಿದ್ದು ನರಳುವುದು ಕಲಾವಿದರ ಜೀವನ ಮಾತ್ರ.

ದಂಡ ಬೇಕಾಗಿದ್ದುದು ಬೇರೆ ಕಡೆ. ಯಾರನ್ನು ವೇದಿಕೆಗೆ ಕರೆಯಬೇಕು, ಯಾರನ್ನು ದೂರ ಇಡಬಾರದು, ಅಧಿಕಾರ ಇದ್ದವರು ಹೇಗೆ ನಡೆದುಕೊಳ್ಳಬೇಕು ಎಂಬಲ್ಲಿ. ಇದರ ಮೇಲೆ ಬರಹದ ನಿಯಮ ಇಲ್ಲದಿದ್ದರೆ ಬರೆಯದ ನಿಯಮವೇ ಆಳುತ್ತದೆ. ನಂಜನಗೂಡಿನಲ್ಲಿ ಹುಟ್ಟಿ ಮದ್ರಾಸಿನಲ್ಲಿ ನೆಲೆಸಿದ ಬೆಂಗಳೂರು ನಾಗರತ್ನಮ್ಮ ಇದನ್ನು ತಮ್ಮ ಬದುಕಿನಲ್ಲೇ ಕಂಡವರು. ತಿರುವಯ್ಯಾರಿನಲ್ಲಿ ಪಾಳುಬಿದ್ದಿದ್ದ ತ್ಯಾಗರಾಜರ ಸಮಾಧಿಗೆ ತಮ್ಮ ಸ್ವಂತ ಸಂಪಾದನೆಯಿಂದ ಗುಡಿ ಕಟ್ಟಿಸಿದರು. ಆದರೆ ಆರಾಧನೆಯಲ್ಲಿ ಹೆಂಗಸರು ಹಾಡುವಂತಿಲ್ಲ ಎಂದು ಅದನ್ನು ನಡೆಸುತ್ತಿದ್ದ ಗಂಡಸರ ಬಣಗಳು ಪಟ್ಟು ಹಿಡಿದವು. ನಾಗರತ್ನಮ್ಮ ಹೆಂಗಸರದೇ ಪ್ರತ್ಯೇಕ ಆರಾಧನೆ ನಡೆಸಿದರು. 1940ರ ಸುಮಾರಿಗೆ ಬಣಗಳು ಒಂದಾದ ಮೇಲೆ ಆ ಬೇಲಿ ಬಿತ್ತು. ದೇವದಾಸಿ ಪದ್ಧತಿಯ ಮೇಲಿನ ಕಾನೂನಿನ ಬಗ್ಗೆ ಮದ್ರಾಸಿನಲ್ಲಿ ಚರ್ಚೆ ನಡೆದಾಗಲೂ, ಇದು ನಮ್ಮ ಬದುಕಿನ ಪ್ರಶ್ನೆ, ನಮ್ಮನ್ನು ಕೇಳಿ ಎಂದು ಸಮುದಾಯದ ಪರವಾಗಿ ನಿಂತವರಲ್ಲಿ ಅವರು ಮುಂದಾಳು. ಅಕಾಡೆಮಿ 1931ರಲ್ಲಿ ನೃತ್ಯಕ್ಕೆ ವೇದಿಕೆ ಕೊಟ್ಟು, 1933ರಲ್ಲಿ ಬಾಲಸರಸ್ವತಿಯವರನ್ನು ಕುಣಿಸಿ ಧೈರ್ಯ ತೋರಿತು, ನಿಜ. ಆದರೆ ಸಮ್ಮೇಳನದ ಅಧ್ಯಕ್ಷ ಪೀಠಕ್ಕೂ ಕಲಾನಿಧಿ ಬಿರುದಿಗೂ ಒಬ್ಬ ಮಹಿಳೆ ಏರಲು 1968ರವರೆಗೆ, ಎಂ.ಎಸ್. ಸುಬ್ಬುಲಕ್ಷ್ಮಿಯವರವರೆಗೆ, ಕಾಯಬೇಕಾಯಿತು. ಮೃದಂಗಕ್ಕೆ ಆ ಮನ್ನಣೆ ಸಿಕ್ಕಿದ್ದು 1966ರಲ್ಲಿ, ಪಾಲಘಾಟ್ ಮಣಿ ಅಯ್ಯರ್ ಅವರ ಮೂಲಕ. ನಾಗಸ್ವರದ ಸಾರ್ವಭೌಮರೆನಿಸಿದ ಟಿ.ಎನ್. ರಾಜರತ್ನಂ ಪಿಳ್ಳೆ ಆ ಬಿರುದಿಲ್ಲದೆಯೇ 1956ರಲ್ಲಿ ತೀರಿಕೊಂಡರು. ಹೆಂಗಸರಿಗಿಲ್ಲ, ಮೃದಂಗಕ್ಕಿಲ್ಲ ಎಂದು ಯಾವ ನಿಯಮಾವಳಿಯಲ್ಲೂ ಬರೆದಿರಬೇಕಾಗಿಲ್ಲ. ಬರೆದಿದ್ದರೆ ಪ್ರಶ್ನಿಸಬಹುದಿತ್ತು.

ಸಭಾ ಖಾಸಗಿ ಸಂಘ, ಬೇಡವಾದವರು ಬೇರೆ ಸಂಘ ಕಟ್ಟಿಕೊಳ್ಳಲಿ ಎಂಬುದು ಇನ್ನೊಂದು ವಾದ. ಹಾಗೆ ಕಟ್ಟಿಕೊಂಡವರೂ ಇದ್ದಾರೆ. ಕಛೇರಿಗಳಲ್ಲಿ ತಮಿಳು ಹಾಡುಗಳಿಗೆ ಮೂಲೆಯ ಸ್ಥಾನವಷ್ಟೇ ಇದೆ ಎಂಬ ನೋವಿನಿಂದ ರಾಜಾ ಅಣ್ಣಾಮಲೈ ಚೆಟ್ಟಿಯಾರರ ಮುಂದಾಳ್ತನದಲ್ಲಿ ತಮಿಳ್ ಇಸೈ ಸಂಗಮ್ 1943ರಲ್ಲಿ ಹುಟ್ಟಿತು. ಸಂಗೀತಕ್ಕೆ ಭಾಷೆಯ ಕಟ್ಟು ಬೇಡವೆಂದು ಅಕಾಡೆಮಿಯ ಹಿರಿಯರು ವಾದಿಸಿದರು. ತ್ಯಾಗರಾಜರ ತೆಲುಗಿನ ಕೃತಿಗಳು ಕಛೇರಿಯ ನಡುಮನೆಯಲ್ಲಿ, ದಾಸರ ಕನ್ನಡ ಪದಗಳು ಕೊನೆಯ ತುಕ್ಕಡಾದಲ್ಲಿ ಎಂಬ ರೂಢಿ ಬಲ್ಲ ಕನ್ನಡಿಗರಿಗೆ ಆ ತಮಿಳರ ನೋವು ಅರ್ಥವಾಗದ್ದಲ್ಲ. ಹೊಸ ಸಂಘದ ಒತ್ತಡ ಹಳೆಯ ಸಂಘಗಳನ್ನೂ ಬದಲಿಸಿತು. ಇಂದು ತಮಿಳು ಕೃತಿಯಿಲ್ಲದ ಕಛೇರಿ ಚೆನ್ನೈಯಲ್ಲಿ ಅಪರೂಪ. ಹೊರನಡೆಯುವ ಹಕ್ಕು ಅಮೂಲ್ಯವಾದದ್ದೇ. 2015ರಲ್ಲಿ ಚೆನ್ನೈಯ ಡಿಸೆಂಬರ್ ಸಂಗೀತ ಸೀಸನ್ನಿನಿಂದ ಹಿಂದೆ ಸರಿದ ಗಾಯಕ ಟಿ.ಎಂ. ಕೃಷ್ಣ ಅವರೂ, 2024ರಲ್ಲಿ ಅವರಿಗೇ ಕಲಾನಿಧಿ ಘೋಷಣೆಯಾದಾಗ ಪ್ರತಿಭಟಿಸಿ ದೂರ ನಿಂತ ಕಲಾವಿದರೂ ಅದೇ ಹಕ್ಕನ್ನು ಚಲಾಯಿಸಿದರು. ಆದರೆ ಹೆಸರು ಮಾಡಿದವರಿಗೆ ಹೊರನಡೆಯುವುದು ಪ್ರತಿಭಟನೆ, ಹದಿನೆಂಟರ ಹುಡುಗಿಗೆ ಅದು ಸಂಗೀತದ ಬದುಕಿನ ಕೊನೆ. ಬೆರಳೆಣಿಕೆಯ ವೇದಿಕೆಗಳೇ ಇಡೀ ಕಲೆಯ ಹೆಬ್ಬಾಗಿಲಾದ ಮೇಲೆ ಆ ಬಾಗಿಲು ಕಾಯುವವರು ತಮ್ಮನ್ನು ಖಾಸಗಿ ಎಂದು ಹೇಳಿಕೊಂಡು ಕೈತೊಳೆದುಕೊಳ್ಳಲಾಗದು.

2018ರಲ್ಲಿ ಇದು ಕಣ್ಣಿಗೆ ಹೊಡೆದಂತೆ ಕಂಡಿತು. ಸಂಗೀತಲೋಕದ ಹಲವರ ಮೇಲೆ ಲೈಂಗಿಕ ಕಿರುಕುಳದ ಆರೋಪಗಳು ಬಹಿರಂಗವಾದಾಗ ಅಕಾಡೆಮಿ ಆ ವರ್ಷದ ಉತ್ಸವದಿಂದ ಏಳು ಮಂದಿ ಕಲಾವಿದರನ್ನು ಕೈಬಿಟ್ಟಿತು. ತೊಂಬತ್ತು ವರ್ಷ ರಾಗದ ಜೀವಸ್ವರಕ್ಕೆ ತಲೆ ಕೆಡಿಸಿಕೊಂಡ ಲೋಕವೊಂದು, ಶಿಷ್ಯೆಯ ಮಾನ ಕಾಯುವ ವಿಷಯಕ್ಕೆ ಆಗ ಬಾಯಿ ತೆರೆಯಿತು. ಆ ಹೆಜ್ಜೆ ಸರಿಯಾದದ್ದು, ಆದರೆ ತಡವಾದದ್ದು. ದೂರು ಎಲ್ಲಿ ಕೊಡಬೇಕು, ಯಾರು ಕೇಳಬೇಕು, ಆರೋಪಿತನಿಗೆ ತನ್ನ ಮಾತು ಹೇಳುವ ಅವಕಾಶವೇನು, ಶಿಕ್ಷೆ ಎಷ್ಟು ಕಾಲ ಎಂಬುದು ಮೊದಲೇ ಬರಹದಲ್ಲಿದ್ದರೆ ದೂರಿತ್ತವರಿಗೂ ಆರೋಪ ಹೊತ್ತವರಿಗೂ ನ್ಯಾಯ ನೆಟ್ಟಗಾಗುತ್ತದೆ. ಇದನ್ನು ಸರ್ಕಾರಕ್ಕೇ ಬಿಡಬಹುದಲ್ಲ ಎಂದರೆ, ಅಪರಾಧಕ್ಕೆ ಕಾನೂನಿದೆ, ಇರಲೇಬೇಕು. ಆದರೆ ನ್ಯಾಯಾಲಯ ಕೊನೆಯ ಮೆಟ್ಟಿಲು. ಅಲ್ಲಿಗೆ ಹೋಗಲಾಗದ ನೂರು ಸಣ್ಣ ಅವಮಾನಗಳನ್ನು ತಡೆಯಬೇಕಾದ್ದು ಬಳಗವೇ.

ಆದ್ದರಿಂದ ವೇದಿಕೆಯ ನಿಯಮ ಬರೆಯುವಾಗ ಕಛೇರಿ ಏರ್ಪಡಿಸುವ ಪದಾಧಿಕಾರಿಗಳ ಜೊತೆಗೆ ಹಾಡುವವರೂ, ಪಕ್ಕವಾದ್ಯದವರೂ, ಕಲಿಯುವವರೂ, ಟಿಕೆಟು ಕೊಳ್ಳುವ ರಸಿಕರೂ ಕೂರಬೇಕು. ದೂರು ಕೇಳುವವರು ಅವಕಾಶ ಹಂಚುವವರಾಗಿರಬಾರದು. ಎರಡೂ ಒಂದೇ ಕೈಯಲ್ಲಿದ್ದರೆ ದೂರು ಹುಟ್ಟುವುದೇ ಇಲ್ಲ. ಈ ಮಾತು ಚೆನ್ನೈಗೆ ಎಷ್ಟು ಸಲ್ಲುತ್ತದೋ, ಪ್ರತಿ ಬೇಸಿಗೆಯಲ್ಲಿ ರಾಮನವಮಿ ಸಂಗೀತೋತ್ಸವ ನಡೆಸುವ ಬೆಂಗಳೂರು, ಮೈಸೂರುಗಳ ಮಂಡಲಿಗಳಿಗೂ ಅಷ್ಟೇ ಸಲ್ಲುತ್ತದೆ. ಮುಂದಿನ ಉತ್ಸವದ ಆಹ್ವಾನ ಪತ್ರಿಕೆ ಅಚ್ಚಿಗೆ ಹೋಗುವ ಮೊದಲು ಪ್ರತಿ ಸಭಾವೂ ತನ್ನ ನಡವಳಿಕೆಯ ನಿಯಮವನ್ನು ಬರೆದು ಬಾಗಿಲಲ್ಲಿ ತೂಗುಹಾಕಲಿ. ರಾಗವನ್ನು ಕೇಳುಗರ ಕಿವಿಗೆ ಬಿಡೋಣ, ಹಾಡಲು ಬರುವ ಮಕ್ಕಳ ಗೌರವವನ್ನು ಬರಹದ ನಿಯಮದಿಂದ ಕಾಯೋಣ.